ಗ್ರೌಂಡ್ ರಾಡ್‌ಗೆ ಉಪ್ಪುನೀರು ಹಾಕಿದರೆ ಸಿಗ್ನಲ್ ಜಾಸ್ತಿ ಆಗುತ್ತಾ?

ಪ್ರಶ್ನೆ: "ಸರ್, ನಾನು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವನು. 40 ಮೀಟರ್ ಬ್ಯಾಂಡಿಗೆ (7 ಮೆಗಾಹರ್ಟ್ಸ್) ತೋಟದಲ್ಲಿ ವರ್ಟಿಕಲ್, ಅಂದರೆ ನೆಟ್ಟಗೆ ನಿಲ್ಲುವ ಆಂಟೆನಾ ನಿಲ್ಲಿಸಿದ್ದೇನೆ. ಗ್ರೌಂಡ್‌ಗೆ ಅಂತ ಎರಡೂವರೆ ಮೀಟರ್ ಜಿಐ ಪೈಪ್ ಹೂತು, ಸುತ್ತ ಉಪ್ಪು, ಇದ್ದಿಲು ತುಂಬಿಸಿದ್ದೇನೆ. ಮಳೆಗಾಲದಲ್ಲಿ ಪರವಾಗಿಲ್ಲ. ಬೇಸಿಗೆಯಲ್ಲಿ ಆ ಕಡೆಯವರು ಕೊಡುವ ಸಿಗ್ನಲ್ ರಿಪೋರ್ಟ್ ಬಿದ್ದು ಹೋಗುತ್ತೆ. ದಿನಾ ಎರಡು ಬಿಂದಿಗೆ ಉಪ್ಪುನೀರು ಹಾಕಿದರೆ ಸರಿ ಹೋಗುತ್ತಾ?"

ಸರಿ ಹೋಗುವುದಿಲ್ಲ.

ಪ್ರತಿ ವರ್ಷ ಶಿವರಾತ್ರಿ ಕಳೆದು ಬಿಸಿಲು ಏರಿದ ಕೂಡಲೇ ಈ ಪ್ರಶ್ನೆ ಬರುತ್ತದೆ. ಕೇಳುವವರು ಬೇರೆ ಬೇರೆ, ಪೈಪಿನ ಉದ್ದ ಬೇರೆ ಬೇರೆ, ಉಪ್ಪು ಇದ್ದಿಲು ಮಾತ್ರ ಅದೇ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ. ಅದಕ್ಕೇ ಈ ಸಲ ಪೂರ್ತಿಯಾಗಿ, ಬುಡದಿಂದ ಬರೆಯುತ್ತಿದ್ದೇನೆ.

ಮೊದಲು ಆ ಗುಂಡಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸೋಣ. ಉಪ್ಪು, ಇದ್ದಿಲು ಹಾಕಿದ ಅರ್ಥಿಂಗ್ ಗುಂಡಿ ಮನೆಗೆ ಬೇಕೇ ಬೇಕು. ಫ್ರಿಜ್ ಬಾಡಿಗೆ ಕರೆಂಟ್ ಬಂದರೆ ಜೀವ ಉಳಿಸುವುದು ಅದು. ಅಲ್ಲಿ ಕೆಲಸ 50 ಹರ್ಟ್ಸ್ ಕರೆಂಟಿನದು. ಆ ಕರೆಂಟಿಗೆ ಎರಡೂವರೆ ಮೀಟರ್ ಪೈಪ್ ಒಂದು ಚುಕ್ಕಿ ಇದ್ದ ಹಾಗೆ. ಪೈಪಿನ ಸುತ್ತ ಮಣ್ಣು ಒದ್ದೆಯಾಗಿದ್ದರೆ, ಉಪ್ಪಿನಂಶ ಇದ್ದರೆ, ರೆಸಿಸ್ಟೆನ್ಸ್ ಇಳಿಯುತ್ತದೆ. ಉಪ್ಪು, ಇದ್ದಿಲು ಹಾಕಿ ಅಂತ ಮನೆಯ ಎಲೆಕ್ಟ್ರಿಷಿಯನ್ ಹೇಳಿದ್ದು ಸರಿ. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕಿ ಎಂದಿದ್ದೂ ಸರಿ.

ತಪ್ಪಾಗುವುದು ಅದೇ ಗುಂಡಿಯನ್ನು ಆಂಟೆನಾದ ಇನ್ನೊಂದು ಅರ್ಧ ಎಂದುಕೊಂಡಾಗ.

7 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದವೇ ಸುಮಾರು 42 ಮೀಟರ್. ಅಲ್ಲಿ ನೇರ ತಂತಿಯೂ ಸುಮ್ನೆ ತಂತಿಯಾಗಿ ಉಳಿಯುವುದಿಲ್ಲ. ಒಂದು ಮೀಟರ್ ತಂತಿಗೆ ಅಂದಾಜು 1 ಮೈಕ್ರೋಹೆನ್ರಿ ಇಂಡಕ್ಟನ್ಸ್ ಹಿಡಿಯಿರಿ, ಅದು 44 ಓಮ್ ರಿಯಾಕ್ಟನ್ಸ್, ಅಂದರೆ ಕರೆಂಟಿಗೆ ಅಷ್ಟು ಅಡ್ಡಿ ಆಯಿತು. ಅರ್ಥ್ ಟೆಸ್ಟರ್‌ನಲ್ಲಿ 2 ಓಮ್ ತೋರಿಸಿದ ಗುಂಡಿ ಆರ್‌ಎಫ್‌ಗೆ, ಅಂದರೆ ರೇಡಿಯೋ ಫ್ರೀಕ್ವೆನ್ಸಿಯ ಕರೆಂಟಿಗೆ, 2 ಓಮ್ ಆಗಿರುವುದಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ವರ್ಟಿಕಲ್‌ನಿಂದ ಹೊರಟ ಕರೆಂಟ್ ಎಲ್ಲಿ ವಾಪಸ್ ಬರುತ್ತದೆ? ಪೈಪ್ ಹೂತ ಜಾಗಕ್ಕೆ ನೇರವಾಗಿ ಬಂದು ಇಳಿಯುವುದಿಲ್ಲ. ಆಂಟೆನಾದ ಸುತ್ತ, ಹತ್ತಿಪ್ಪತ್ತು ಮೀಟರ್ ದೂರದವರೆಗೆ, ಇಡೀ ನೆಲದ ಮೇಲೆ ಇಳಿಯುತ್ತದೆ. ಇಳಿದದ್ದು ಮಣ್ಣಿನೊಳಗೆ ಹರಿದುಕೊಂಡು ಆಂಟೆನಾದ ಬುಡಕ್ಕೆ ಬರಬೇಕು. ಆ ದಾರಿಯಲ್ಲೇ ನಿಮ್ಮ ಪವರ್ ಬಿಸಿಯಾಗಿ ಹೋಗುವುದು. ಅಡಿಕೆ ತೋಟ ನೋಡಿದ್ದೀರಲ್ವಾ? ಮಳೆ ಇಡೀ ತೋಟಕ್ಕೆ ಬೀಳುತ್ತದೆ. ಒಂದು ಮೂಲೆಯಲ್ಲಿ ಬಾವಿ ಎಷ್ಟು ಆಳ ತೋಡಿದರೂ ನೀರು ಬಸಿಯುವುದಿಲ್ಲ. ಅದಕ್ಕೆ ಸಾಲು ಸಾಲಿಗೂ ಬಸಿಗಾಲುವೆ ಬೇಕು. ಆಂಟೆನಾಗೆ ಆ ಬಸಿಗಾಲುವೆಯೇ ರೇಡಿಯಲ್ ತಂತಿಗಳು. ಬುಡದಿಂದ ಸುತ್ತಲೂ ಹರಡಿದ ತಂತಿಗಳು, ಅಷ್ಟೇ.

"ಸರಿ, ಹಾಗಾದರೆ ಸುತ್ತಲಿನ ನೆಲಕ್ಕೆಲ್ಲ ನೀರು ಹಾಯಿಸುತ್ತೇನೆ" ಅನ್ನುವವರೂ ಇದ್ದಾರೆ. ಅವರಿಗೆ ಒಂದು ಲೆಕ್ಕ ಹೇಳುತ್ತೇನೆ. ಸಾಧಾರಣ ಮಣ್ಣಿನಲ್ಲಿ 7 ಮೆಗಾಹರ್ಟ್ಸ್ ಕರೆಂಟ್ ಮೂರರಲ್ಲಿ ಒಂದು ಪಾಲಿಗೆ ಇಳಿಯಬೇಕಾದರೆ ಸುಮಾರು 4 ಮೀಟರ್ ಆಳ ಬೇಕು. 80 ಮೀಟರ್ ಬ್ಯಾಂಡಿನಲ್ಲಿ 5 ಮೀಟರ್ ಹತ್ತಿರ, 160 ಮೀಟರ್ ಬ್ಯಾಂಡಿನಲ್ಲಿ 6. ಒಣ ಕಲ್ಲುನೆಲವಾದರೆ ಹತ್ತು ಮೀಟರೂ ದಾಟುತ್ತದೆ. ಬಿಂದಿಗೆ ನೀರು ಹೋಗುವುದು ಒಂದು ಗೇಣು. ತೋಟದ ತುಂಬ ಸ್ಪ್ರಿಂಕ್ಲರ್ ಬಿಟ್ಟರೆ ಒಂದು ಮೊಳ ನೆನೆದೀತು. ಉಳಿದದ್ದು ಹಾಗೇ ಒಣಗಿರುತ್ತದೆ.

ಇದು ಪುಸ್ತಕದ ಮಾತು ಅನಿಸಿದರೆ, ನಾನೇ ಅಳೆದದ್ದನ್ನು ಹೇಳುತ್ತೇನೆ. ತುಮಕೂರು ಕಡೆಯ ಕೆಂಪು ಮಣ್ಣು, ಏಪ್ರಿಲ್ ತಿಂಗಳು. ಹತ್ತು ಮೀಟರ್ ಅಲ್ಯುಮಿನಿಯಂ ಪೈಪ್, ಮೂರು ಕಡೆ ನೈಲಾನ್ ಹಗ್ಗ. ಬುಡದಲ್ಲಿ ಗ್ರೌಂಡ್ ರಾಡ್ ಒಂದೇ. ಆಂಟೆನಾ ಅಳೆಯುವ ಪುಟ್ಟ ಮೀಟರ್ ನ್ಯಾನೋವಿಎನ್‌ಎ ಹಿಡಿದು ನೋಡಿದರೆ ರೆಸೊನನ್ಸ್‌ನಲ್ಲಿ, ಅಂದರೆ ಆಂಟೆನಾ ಶ್ರುತಿಗೆ ಕೂತ ಫ್ರೀಕ್ವೆನ್ಸಿಯಲ್ಲಿ, 92 ಓಮ್. ಹತ್ತು ಬಿಂದಿಗೆ ನೀರು ಸುರಿದೆವು. ಮಣ್ಣು ಗುಳುಗುಳು ಅಂತ ಕುಡಿಯಿತು. 88 ಆಯಿತು. ಮಾರನೇ ದಿನ ಮಧ್ಯಾಹ್ನಕ್ಕೆ ಮತ್ತೆ 91.

ಆಮೇಲೆ ಅಂಗಡಿಯಿಂದ ಮನೆ ವೈರಿಂಗಿನ 1 ಚದರ ಮಿಲಿಮೀಟರ್ ವೈರ್ ತಂದೆವು. ಒಂದು ಕಾಯಿಲ್‌ನಲ್ಲಿ 90 ಮೀಟರ್ ಇರುತ್ತದೆ, ಹತ್ತು ಮೀಟರಿನ ಒಂಬತ್ತು ರೇಡಿಯಲ್ ಆಗುತ್ತವೆ. ಪ್ಲಾಸ್ಟಿಕ್ ಸುಲಿಯಬೇಕಿಲ್ಲ, ಹೂಳಲೂ ಬೇಕಿಲ್ಲ. ನೆಲದ ಮೇಲೆ ಎಳೆದು, ಬೈಂಡಿಂಗ್ ವೈರನ್ನು ಹೇರ್‌ಪಿನ್ ಥರ ಬಗ್ಗಿಸಿ ಅಲ್ಲಲ್ಲಿ ಚುಚ್ಚಿದರೆ ಸಾಕು, ಒಂದು ಮಳೆಗಾಲ ಕಳೆದರೆ ಹುಲ್ಲೇ ಮುಚ್ಚಿಕೊಳ್ಳುತ್ತದೆ. ನಾಲ್ಕು ತಂತಿ ಹಾಕಿದಾಗ 60 ಓಮ್. ಒಂಬತ್ತಕ್ಕೆ 48. ಎರಡನೇ ಕಾಯಿಲ್ ಮುಗಿದು ಹದಿನೆಂಟಾದಾಗ 42.

ಕಾಲು ತರಂಗದ ವರ್ಟಿಕಲ್‌ಗೆ ರೇಡಿಯೇಷನ್ ರೆಸಿಸ್ಟೆನ್ಸ್, ಅಂದರೆ ತರಂಗವಾಗಿ ಹೊರಡುವ ಪವರ್‌ನ ಪಾಲು, ಸುಮಾರು 36 ಓಮ್. ಅದಕ್ಕಿಂತ ಮೇಲೆ ಕಾಣುವುದೆಲ್ಲ ಹೆಚ್ಚುಕಮ್ಮಿ ಮಣ್ಣಿನ ಪಾಲು. 92 ಓಮ್ ಇದ್ದಾಗ 100 ವ್ಯಾಟ್ ಕೊಟ್ಟರೆ ಆಕಾಶಕ್ಕೆ 39, ಎರೆಹುಳುವಿಗೆ 61. 42 ಓಮ್ ಇದ್ದಾಗ ಆಕಾಶಕ್ಕೆ 86. ಡೆಸಿಬೆಲ್‌ನಲ್ಲಿ ಮೂರೂವರೆ, ಅಂದರೆ ರಿಸೀವರ್‌ನಲ್ಲಿ ಸಿಗ್ನಲ್ ಬಲ ತೋರಿಸುವ ಎಸ್ ಮೀಟರಿನ ಅರ್ಧ ಅಂಕಕ್ಕಿಂತ ಸ್ವಲ್ಪ ಜಾಸ್ತಿ. ದೊಡ್ಡ ಪವಾಡ ಅಲ್ಲ, ಒಪ್ಪುತ್ತೇನೆ. ಆದರೆ ರಾತ್ರಿ ಗದ್ದಲದ ಅಂಚಿನಲ್ಲಿ ಕೇಳುವ ಸ್ಟೇಷನ್‌ಗೆ ನೀವು ಸಿಗುವುದು, ಸಿಗದಿರುವುದು ಅಷ್ಟರಲ್ಲೇ ತೀರ್ಮಾನವಾಗುತ್ತದೆ.

ಇಲ್ಲಿ ತುಂಬ ಜನ ಎಡವುತ್ತಾರೆ, ದಯವಿಟ್ಟು ಗಮನಿಸಿ. ಎಸ್‌ಡಬ್ಲ್ಯುಆರ್ ಅಂದರೆ 50 ಓಮ್ ಕೇಬಲ್‌ಗೆ ಆಂಟೆನಾ ಎಷ್ಟು ಹೊಂದುತ್ತದೆ ಎನ್ನುವ ಅಂಕಿ, ಒಂದು ಬಂದರೆ ಪೂರ್ತಿ ಹೊಂದಿಕೆ. ಒಂಬತ್ತು ತಂತಿ ಇದ್ದಾಗ 48 ಓಮ್, ಎಸ್‌ಡಬ್ಲ್ಯುಆರ್ ಹತ್ತಿರ ಹತ್ತಿರ ಒಂದು. ಹದಿನೆಂಟಕ್ಕೆ ಏರಿಸಿದಾಗ 42 ಓಮ್, ಎಸ್‌ಡಬ್ಲ್ಯುಆರ್ 1.2. "ತಂತಿ ಜಾಸ್ತಿ ಹಾಕಿದೆ, ಮೀಟರ್ ಕೆಟ್ಟಿತು" ಅಂತ ಕಿತ್ತು ಹಾಕಿದವರನ್ನು ನಾನು ಬಲ್ಲೆ. ಕೆಟ್ಟಿದ್ದು ಮೀಟರಿನ ಅಂಕಿ, ಸುಧಾರಿಸಿದ್ದು ಆಂಟೆನಾ. ರಾಡ್ ಒಂದನ್ನೇ ಇಟ್ಟುಕೊಂಡು ಎಸ್‌ಡಬ್ಲ್ಯುಆರ್ ಚೆನ್ನಾಗಿ ಬಂತು ಎನ್ನುವವರ ಮನೆಯಲ್ಲಿ ಮಣ್ಣು ಡಮ್ಮಿ ಲೋಡ್ ಕೆಲಸ, ಅಂದರೆ ಪವರ್ ಕುಡಿದು ಬರೀ ಬಿಸಿಯಾಗುವ ಕೆಲಸ, ಮಾಡುತ್ತಿರುತ್ತದೆ. ಮಳೆ, ಬಿಸಿಲಿಗೆ ಅಂಕಿ ಕುಣಿಯುವುದೂ ಇದೇ ಕಾರಣಕ್ಕೆ. ರೇಡಿಯಲ್ ಇಲ್ಲದಿದ್ದರೆ ಆಂಟೆನಾ ಮಣ್ಣನ್ನೇ ನೆಚ್ಚಿಕೊಂಡಿರುತ್ತದೆ. ಹದಿನೆಂಟು ತಂತಿ ಇದ್ದರೆ ಜುಲೈಗೂ ಏಪ್ರಿಲ್‌ಗೂ ವ್ಯತ್ಯಾಸ ಕಾಣುವುದೇ ಕಷ್ಟ.

ಇದು ಹೊಸ ವಿಷಯವೂ ಅಲ್ಲ. ಅಮೆರಿಕದಲ್ಲಿ ಬ್ರೌನ್, ಲೂಯಿಸ್, ಎಪ್‌ಸ್ಟೈನ್ ಎಂಬ ಮೂವರು ಎಂಜಿನಿಯರುಗಳು 3 ಮೆಗಾಹರ್ಟ್ಸ್‌ನಲ್ಲಿ, 113 ರೇಡಿಯಲ್‌ವರೆಗೆ ಹಾಕಿ ಅಳೆದು, 1937ರಲ್ಲೇ ಪ್ರಕಟಿಸಿದರು. ಮೀಡಿಯಂ ವೇವ್ ಮಾಸ್ಟ್‌ಗಳ ಕೆಳಗೆ 120 ತಾಮ್ರದ ತಂತಿ ಹೂಳುವ ರೂಢಿ ಬಲವಾಗಿ ನೆಲೆಯೂರಿದ್ದು ಆ ಅಳತೆಯಿಂದ. ನಮಗೆ 120 ಬೇಡ. ಹದಿನಾರು, ಇಪ್ಪತ್ತರ ಆಚೆ ಲಾಭ ಬೇಗ ಸಣ್ಣದಾಗುತ್ತದೆ. ಜಾಗ ಇಲ್ಲ, ತಂತಿ ಕಡಿಮೆ ಅಂದರೆ ಉದ್ದದ ನಾಲ್ಕರ ಬದಲು ಗಿಡ್ಡದ ಹನ್ನೆರಡು ಹಾಕಿ. ಅದೂ ಆಗದಿದ್ದರೆ ನಾಲ್ಕೇ ತಂತಿಯನ್ನು ತಲೆ ಮೇಲಿನ ಎತ್ತರದಲ್ಲಿ, ಸರಿಯಾಗಿ ಕಾಲು ತರಂಗದ ಉದ್ದಕ್ಕೆ ಕತ್ತರಿಸಿ ಕಟ್ಟಿ. ಅಮೆರಿಕದ ಹ್ಯಾಮ್ ರೂಡಿ ಸೆವರ್ನ್ಸ್ 40 ಮೀಟರ್ ಬ್ಯಾಂಡಿನಲ್ಲಿ ಅಳೆದು ತೋರಿಸಿದ ಹಾಗೆ, ಎತ್ತರಿಸಿದ ನಾಲ್ಕು ತಂತಿ ನೆಲದ ಮೇಲಿನ ಹತ್ತಾರು ತಂತಿಗಳಿಗೆ ಸಮ ನಿಲ್ಲುತ್ತವೆ. ಆ ತಂತಿಗಳ ತುದಿಯಲ್ಲಿ ಹೆಚ್ಚು ವೋಲ್ಟೇಜ್ ಇರುತ್ತದೆ, ಮಕ್ಕಳ ಕೈಗೆ ಸಿಗಬಾರದು.

ರಾಡ್ ಕೀಳಬೇಡಿ. ಸಿಡಿಲಿಗೆ, ಶಾಕ್‌ಗೆ ಅದು ಇರಲಿ, ಮನೆಯ ಅರ್ಥಿಂಗ್ ಜೊತೆ ದಪ್ಪ ತಂತಿಯಲ್ಲಿ ಜೋಡಿಸಿಡಿ. ಉಪ್ಪು ಮಾತ್ರ ಮಿತಿಯಲ್ಲಿರಲಿ. ಜಿಐ ಪೈಪನ್ನು ಅದು ತಿನ್ನುತ್ತದೆ.

ಇನ್ನು ಮಣ್ಣಿನ ಜಾತಿ. "ಮಲೆನಾಡಲ್ಲಿ ಮಳೆ ಜಾಸ್ತಿ, ನೆಲ ಸದಾ ಒದ್ದೆ, ಹಾಗಾಗಿ ಅಲ್ಲಿ ಗ್ರೌಂಡ್ ಚೆನ್ನಾಗಿರುತ್ತೆ" ಎನ್ನುವುದು ಇದೇ ನಂಬಿಕೆಯ ತಮ್ಮ. ಶುದ್ಧ ನೀರು ಕರೆಂಟನ್ನು ತೀರಾ ಕಡಿಮೆ ಹರಿಸುತ್ತದೆ. ಹರಿಸುವುದು ನೀರಿನಲ್ಲಿ ಕರಗಿದ ಲವಣ ಮತ್ತು ಅದನ್ನು ಹಿಡಿದಿಟ್ಟುಕೊಳ್ಳುವ ಜೇಡಿ. ಮುರಕಲ್ಲಿನ ನೆಲದಲ್ಲಿ ಸಾವಿರಾರು ವರ್ಷದ ಮಳೆ ಲವಣವನ್ನೆಲ್ಲ ತೊಳೆದುಬಿಟ್ಟಿದೆ. ಒದ್ದೆ ಇದೆ, ಸತ್ವ ಇಲ್ಲ. ಧಾರವಾಡ, ವಿಜಯಪುರದ ಎರೆ ಮಣ್ಣು ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಟ್ಟರೂ, ಕೆಳಗಿನ ಜೇಡಿ ತೇವ ಬಿಟ್ಟುಕೊಡುವುದಿಲ್ಲ. ಮೇಲ್ನೋಟಕ್ಕೆ ಒಣಗಿದ ಆ ಹೊಲವೇ ಹಸಿರು ಗುಡ್ಡಕ್ಕಿಂತ ಒಳ್ಳೆಯ ಗ್ರೌಂಡ್. ಕರೆಂಟ್ ಹರಿಸುವ ಶಕ್ತಿಯನ್ನು ಅಂಕಿಯಲ್ಲಿ ಹೇಳುವುದಾದರೆ (ಜಾಸ್ತಿ ಇದ್ದಷ್ಟು ಒಳ್ಳೆಯದು), ಕಲ್ಲು ಮರಳಿನ ನೆಲ ಮೀಟರಿಗೆ 0.001 ಸೀಮೆನ್ಸ್ ಆಸುಪಾಸು, ಸಾಧಾರಣ ಮಣ್ಣು 0.005, ಒಳ್ಳೆಯ ಜೇಡಿ ಮಣ್ಣು 0.03. ಸಮುದ್ರದ ನೀರು 5.

ಆ ಕೊನೆಯ ಅಂಕಿ ನೋಡಿ, ಸಾಧಾರಣ ಮಣ್ಣಿನ ಸಾವಿರ ಪಟ್ಟು. ಸಮುದ್ರದ ಲಾಭ ಬರೀ ಬುಡದ ನಷ್ಟ ಉಳಿಸುವುದರಲ್ಲಿಲ್ಲ. ವರ್ಟಿಕಲ್‌ನಿಂದ ತಗ್ಗಿನ ಕೋನದಲ್ಲಿ ಹೊರಟ ತರಂಗ ದೂರದ ನೆಲಕ್ಕೆ ತಗುಲಿ ವಾಪಸ್ ಏಳುತ್ತದೆ. ಸಾಧಾರಣ ಮಣ್ಣಿನ ಮೇಲೆ ಹತ್ತು ಹದಿನೈದು ಡಿಗ್ರಿಗಿಂತ ಕೆಳಗೆ, ಹೀಗೆ ಎದ್ದದ್ದು ನೇರ ಹೋದದ್ದನ್ನೇ ಕಡಿಯುತ್ತದೆ. ಡಿಎಕ್ಸ್‌ಗೆ, ಅಂದರೆ ದೂರದ ದೇಶಗಳ ಸ್ಟೇಷನ್ ಹಿಡಿಯಲು, ಬೇಕಾದ ಕೋನವೂ ಅದೇ. ಸಮುದ್ರದ ಮೇಲೆ ಆ ಕಡಿತ ಶುರುವಾಗುವುದು ಒಂದು ಡಿಗ್ರಿಗೂ ಕೆಳಗೆ. ಮಲ್ಪೆಯಲ್ಲೋ ಕಾರವಾರದಲ್ಲೋ ಅಲೆಯ ಅಂಚಿಗೆ ಒಂದು ಪೈಪ್ ನಿಲ್ಲಿಸಿ ಪಶ್ಚಿಮಕ್ಕೆ ಕರೆದವರು ಆ ಸಂಜೆಯನ್ನು ಮರೆಯುವುದಿಲ್ಲ. ಈ ದೂರದ ನೆಲವನ್ನು ರೇಡಿಯಲ್ ಕೂಡ ಸರಿ ಮಾಡಲಾರದು. ಅದು ಪಕ್ಕದವರ ಹೊಲ, ಅದರಾಚೆಯ ಕೆರೆ, ಅದರಾಚೆಯ ಊರು.

ಡೈಪೋಲ್‌ನವರು ಚಿಂತೆ ಮಾಡಬೇಡಿ. ಡೈಪೋಲ್ ಅಂದರೆ ನಡುವೆ ಕೇಬಲ್ ಕೊಟ್ಟ ಎರಡು ಅರ್ಧದ ತಂತಿ. ಅಡ್ಡ ಕಟ್ಟಿದ ಡೈಪೋಲ್‌ಗೆ ಅದರ ಇನ್ನೊಂದು ಅರ್ಧ ಅದರಲ್ಲೇ ಇದೆ. ನೆಲದಿಂದ ಹತ್ತು ಮೀಟರ್ ಮೇಲೆ ಕಟ್ಟಿ, ಮಣ್ಣನ್ನು ಮರೆತುಬಿಡಿ. ಮಳೆ ಶುರುವಾದ ಹತ್ತು ನಿಮಿಷಕ್ಕೆ ಎಸ್‌ಡಬ್ಲ್ಯುಆರ್ ಹಾರಿ, ಬಿಸಿಲು ಬಂದ ಮೇಲೆ ಸರಿಹೋಗುತ್ತದೆಯೇ? ನೆಲವನ್ನು ದೂರಬೇಡಿ. ನಾಲ್ಕು ಮೀಟರ್ ಆಳದ ಮಣ್ಣು ಹತ್ತು ನಿಮಿಷದಲ್ಲಿ ನೆನೆಯುವುದಿಲ್ಲ. ಕೇಬಲ್ ತುದಿಯ ಪಿಎಲ್ 259 ಕನೆಕ್ಟರ್ ಬಿಚ್ಚಿ ನೋಡಿ, ಒಳಗೆ ನೀರಿರುತ್ತದೆ.

ಯಾರೂ ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ಕೆಟ್ಟ ನೆಲವನ್ನೇ ಬಯಸುವ ಆಂಟೆನಾ ಒಂದಿದೆ. ಹೆಸರು ಬೆವರೇಜ್. ಹೆರಾಲ್ಡ್ ಬೆವರೇಜ್ ಎಂಬ ಅಮೆರಿಕದ ಎಂಜಿನಿಯರ್ ನೂರು ವರ್ಷದ ಹಿಂದೆ ಕಂಡುಹಿಡಿದದ್ದು. ನೆಲದಿಂದ ಎರಡು ಮೂರು ಮೀಟರ್ ಎತ್ತರದಲ್ಲಿ ಒಂದು ತರಂಗದಷ್ಟೋ ಅದಕ್ಕೂ ಜಾಸ್ತಿಯೋ ಉದ್ದಕ್ಕೆ ಎಳೆದ ಒಂದೇ ತಂತಿ, ದೂರದ ತುದಿಯಲ್ಲಿ ಸುಮಾರು 450 ಓಮ್ ರೆಸಿಸ್ಟರ್. ಬರೀ ಕೇಳುವುದಕ್ಕೆ. ನೆಲ ಕರೆಂಟನ್ನು ಸರಿಯಾಗಿ ಹರಿಸದಿದ್ದಾಗ ಬರುವ ತರಂಗದ ಬುಡ ಹಿಂದೆ ಬಿದ್ದು, ತಲೆ ಮುಂದಕ್ಕೆ ವಾಲುತ್ತದೆ. ಹಾಗೆ ವಾಲಿದಾಗಲೇ ಅಡ್ಡ ತಂತಿಯಲ್ಲಿ ಸಿಗ್ನಲ್ ಹುಟ್ಟುವುದು. ಸಮುದ್ರದ ಮೇಲೆ ಎಳೆದರೆ ಅದು ಕೆಲಸಕ್ಕೇ ಬಾರದು.

1921ರ ಡಿಸೆಂಬರಿನಲ್ಲಿ ಅಮೆರಿಕದ ಹ್ಯಾಮ್‌ಗಳ ದನಿ ಅಟ್ಲಾಂಟಿಕ್ ದಾಟುತ್ತದೆಯೇ ನೋಡಲು ಪಾಲ್ ಗಾಡ್ಲಿ ಸ್ಕಾಟ್ಲೆಂಡಿನ ಆರ್ಡ್ರೊಸನ್‌ಗೆ ಹೋಗಿ ಗುಡಾರ ಹಾಕಿದ. ಅವನು ಹೊಲದ ಮೇಲೆ ಎಳೆದದ್ದು ಇದೇ ಬೆವರೇಜ್. ಅದರಲ್ಲಿ ಕೇಳಿಸಿದ ಕನೆಕ್ಟಿಕಟ್‌ನ 1ಬಿಸಿಜಿ ಸ್ಟೇಷನ್, ಆಂಟೆನಾದ ಕೆಳಗೆ ನೆಲದಿಂದ ಮೇಲೆತ್ತಿ ಹರಡಿದ ಕೌಂಟರ್‌ಪಾಯ್ಸ್ ತಂತಿಗಳನ್ನು ನೆಚ್ಚಿತ್ತು. ಕಳಿಸುವ ತುದಿಯಲ್ಲಿ ಮಣ್ಣಿನಿಂದ ತಪ್ಪಿಸಿಕೊಳ್ಳುವ ತಂತಿ, ಕೇಳುವ ತುದಿಯಲ್ಲಿ ಮಣ್ಣಿನ ದೋಷವನ್ನೇ ಬಳಸಿಕೊಳ್ಳುವ ತಂತಿ.

ಪ್ರಶ್ನೆ ಕೇಳಿದವರ ತೋಟದಾಚೆ ರಾಗಿ ಹೊಲ ಇದ್ದರೆ, ಕಟಾವು ಮುಗಿದ ಮೇಲೆ ಹೊಲದವರನ್ನು ಕೇಳಿ ಬದುವಿನ ಗುಂಟ ಇನ್ನೂರು ಮೀಟರ್ ತಂತಿ ಎಳೆಯಿರಿ. ಬಿದಿರಿನ ಗೂಟ ಸಾಕು. 160 ಮೀಟರ್ ಬ್ಯಾಂಡ್ ಕೇಳಲು ಚಳಿಗಾಲದ ರಾತ್ರಿಗಳೇ ಸರಿ, ನೆಲವೂ ಆಗಲೇ ಒಣಗಲು ಶುರುವಾಗಿರುತ್ತದೆ. ಮೊದಲ ಮಳೆಗೆ, ನೇಗಿಲು ಇಳಿಯುವ ಮುಂಚೆ, ಸುತ್ತಿಟ್ಟುಕೊಳ್ಳಿ.