ಮಂಗನ ಕಾಯಿಲೆ: ದನದ ಕೊಟ್ಟಿಗೆ ತನಕ ಹೋದ ಹುಡುಕಾಟ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತು ಬಿದ್ದವು, ಕಾಡಂಚಿನ ಊರುಗಳಲ್ಲಿ ಜನ ಜ್ವರ ಹಿಡಿದು ಮಲಗಿದರು. ಮೊದಲ ಅನುಮಾನ ಹಳದಿ ಜ್ವರದ್ದು. ಅದೇ ನಿಜವಾಗಿದ್ದರೆ ಸೊಳ್ಳೆಯ ಬೆನ್ನು ಹತ್ತಬೇಕಿತ್ತು. ಆದರೆ ಪುಣೆಯ ವೈರಸ್ ಸಂಶೋಧನಾ ಕೇಂದ್ರ ಬೇರ್ಪಡಿಸಿದ ವೈರಸ್, ರಷ್ಯಾದಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್ಸಿನ ಬಳಗಕ್ಕೆ ಸೇರಿತ್ತು. ವಲಸೆ ಹಕ್ಕಿಗಳು ತಂದಿರಬಹುದೇ ಎಂದು ನೋಡಲು ಪಕ್ಷಿತಜ್ಞ ಸಲೀಂ ಅಲಿಯವರ ತಂಡವೂ ಕೈಜೋಡಿಸಿತು. ಆ ಊಹೆ ಗಟ್ಟಿಯಾಗಲಿಲ್ಲ.

1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ರಾಕ್‌ಫೆಲ್ಲರ್ ಪ್ರತಿಷ್ಠಾನ ಕಟ್ಟಿದ ಈ ಕೇಂದ್ರದ ನಿಜವಾದ ಬಲ, ವೈರಸ್ ತಜ್ಞರ ಜೊತೆ ಕೀಟ, ಪ್ರಾಣಿ, ಕಾಡು ಬಲ್ಲವರೂ ಒಂದೇ ಕಾಯಿಲೆಯ ಮೇಲೆ ದುಡಿದದ್ದು. ರೋಗಿಯ ರಕ್ತವನ್ನಷ್ಟೇ ನೋಡುವವರಿಗೆ ದನ ಕಾಣುತ್ತಿರಲಿಲ್ಲ. ಮಳೆಗಾಲದಲ್ಲಿ ಬೆಳೆದ ಉಣುಗು ದನದ ಮೈಗೆ ಹತ್ತಿ, ರಕ್ತ ಕುಡಿದು ಉದುರಿ, ತರಗೆಲೆಯಡಿ ಮೊಟ್ಟೆ ಇಡುತ್ತದೆ. ಮಳೆ ನಿಂತ ಮೇಲೆ ಮರಿಗಳು ಹೊರಬಂದು ಇಲಿ, ಮಂಗಗಳ ಮೇಲೆ ಬದುಕುತ್ತವೆ. ಮುಂದಿನ ಹಂತದ ಎಳೆ ಉಣುಗುಗಳು ಮನುಷ್ಯರನ್ನೂ ಕಚ್ಚುತ್ತವೆ. ಇವು ದಟ್ಟವಾಗುವ ಡಿಸೆಂಬರ್–ಮೇ ತಿಂಗಳುಗಳಲ್ಲೇ ಜನ ಸೌದೆಗೆ, ತರಗೆಲೆ ಗುಡಿಸಲು ಕಾಡಿಗೆ ಹೋಗುವುದು. ಕಾಡು ಕಡಿದು ಗದ್ದೆ ಮಾಡಿ, ಅಂಚಿನ ಪೊದೆಗಳಲ್ಲಿ ದನ ಮೇಯಿಸಿದ್ದರಿಂದಲೇ ಉಣುಗು ಹೆಚ್ಚಿತೆಂದು ಸಂಶೋಧಕ ಹೋರ್ಹೆ ಬೋಶೆಲ್ 1969ರಲ್ಲಿ ವಾದಿಸಿದರು. ಲಸಿಕೆಯಷ್ಟೇ ಮುಖ್ಯವಾದ ಅರಿವು ಇದು.

ಕೆಲಸ ಕೆಡುವುದು ಕೊಂಡಿ ತಪ್ಪಿದಾಗ. ಮಂಗ ಸತ್ತೊಡನೆ ಅದರ ಮೈಮೇಲಿನ ಸೋಂಕಿತ ಉಣುಗುಗಳು ಸುತ್ತಲಿನ ನೆಲಕ್ಕೆ ಇಳಿಯುತ್ತವೆ. ಅರಣ್ಯ ರಕ್ಷಕ ಸುದ್ದಿ ಕೊಡಬೇಕು, ಪಶುವೈದ್ಯರು ಮರಣೋತ್ತರ ಪರೀಕ್ಷೆ ನಡೆಸಬೇಕು, ಪ್ರಯೋಗಾಲಯ ಫಲಿತಾಂಶ ಹೇಳಬೇಕು, ಆರೋಗ್ಯ ಇಲಾಖೆ ಊರನ್ನು ಎಚ್ಚರಿಸಬೇಕು. ಶವ ಕೊಳೆತರೆ ಮಾದರಿಯೇ ಕೆಡುತ್ತದೆ. ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಜ್ವರ ಬರುವ ಕಾಯಿಲೆಯಲ್ಲಿ ಕಡತ ಓಡಾಡುವಷ್ಟು ಸಮಯ ಇರುವುದಿಲ್ಲ. ಕೋಳಿ ಭ್ರೂಣದ ಕೋಶಗಳಲ್ಲಿ ತಯಾರಿಸುತ್ತಿದ್ದ ಹಳೆಯ ಲಸಿಕೆಗೆ ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್‌ಗಳು ಬೇಕಿದ್ದವು. ಅದರ ರಕ್ಷಣೆ ಸೀಮಿತವಾಗಿತ್ತು, 2022ರಲ್ಲಿ ಬಳಕೆಯೂ ನಿಂತಿತು.

ಎಲ್ಲರೂ ಕೂಡಿ ದುಡಿಯುವ ಹಳೆಯ ದಾರಿಗೆ ಮತ್ತೆ ಜೀವ ಬಂದದ್ದು ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಬ್ರಿಟನ್ನಿನ ಪರಿಸರ ವಿಜ್ಞಾನಿಗಳು, ಪಶುರೋಗ ತಜ್ಞರು ಮತ್ತು ಆರೋಗ್ಯ ಇಲಾಖೆಯವರು ಕೂಡಿ 2020ರಲ್ಲಿ ಪ್ರಕಟಿಸಿದ ಅಪಾಯದ ನಕ್ಷೆಯಿಂದ. ಕಾಡು ಮತ್ತು ತೋಟ ಬೆರೆತ, ಕಾಡು ನಷ್ಟವಾದ, ದನಗಳಿರುವ ಕಡೆ ಅಪಾಯ ಹೆಚ್ಚೆಂದು ಅದು ತೋರಿಸಿತು. ಇಂಥ ನಕ್ಷೆ ಕೈಯಲ್ಲಿದ್ದರೆ ಉಣುಗು ತಡೆಯುವ ಎಣ್ಣೆ ಯಾವ ಭಾಗಕ್ಕೆ ಮೊದಲು ಹೋಗಬೇಕೆಂದು ನವೆಂಬರಿನಲ್ಲೇ ನಿರ್ಧರಿಸಬಹುದು. ಮೊದಲ ರೋಗಿ ಆಸ್ಪತ್ರೆಗೆ ಬರುವ ತನಕ ಕಾಯಬೇಕಿಲ್ಲ.