ಅಮೆರಿಕದ ಕಪ್ಪು ಗೇ ಪುರುಷರ ಖಾಸಗಿ ಲೈಂಗಿಕ ಕೂಟಗಳು: ಕಾನೂನು ಮತ್ತು ಸುರಕ್ಷತೆ ಕುರಿತ ಟಿಪ್ಪಣಿ

ವಯಸ್ಕ ಪುರುಷರು ಪರಸ್ಪರ ಒಪ್ಪಿ, ಮನೆಯ ಬಾಗಿಲು ಹಾಕಿಕೊಂಡು ಸೇರುವ ಲೈಂಗಿಕ ಕೂಟ ಅಮೆರಿಕದಲ್ಲಿ ಅಪರಾಧವೇ ಎಂದು ಕೇಳಿದರೆ, ನಮ್ಮ ಓದಿನ ಗುಂಪಿನಲ್ಲಿ ಬಹಳ ಮಂದಿ, ಸಲಿಂಗ ಸಂಭೋಗ ನಿಷೇಧ ಕಾನೂನನ್ನು ರದ್ದುಪಡಿಸಿದ ಲಾರೆನ್ಸ್ ವಿರುದ್ಧ ಟೆಕ್ಸಸ್ ತೀರ್ಪಿನ ಹೆಸರು ಹೇಳಿ, ಅದು 2003ರಲ್ಲೇ ಇತ್ಯರ್ಥವಾದ ಪ್ರಶ್ನೆ ಎಂದು ಮುಗಿಸಿಬಿಡುತ್ತಾರೆ. ಆ ಉತ್ತರ ಅರ್ಧ ಮಾತ್ರ ಸರಿ. ಇಬ್ಬರ ಕೋಣೆಗೆ ಸಿಕ್ಕಿದ ರಕ್ಷಣೆ ಇಪ್ಪತ್ತು ಜನರ ಹಜಾರಕ್ಕೂ ಸಿಗುತ್ತದೆಯೇ ಎಂಬುದು ಇನ್ನೂ ರಾಜ್ಯದಿಂದ ರಾಜ್ಯಕ್ಕೆ ಬದಲಾಗುವ ವಿಷಯ. ಈ ಅನಿಶ್ಚಿತತೆಯ ಭಾರ ಕಪ್ಪು ಗೇ ಪುರುಷರ ಮೇಲೆ ಹೆಚ್ಚು ಬಿದ್ದಿದೆ. ಆದ್ದರಿಂದ ಕಾನೂನನ್ನು ಒಂದು ಅಧ್ಯಾಯವಾಗಿ, ಆರೋಗ್ಯವನ್ನು ಇನ್ನೊಂದು ಅಧ್ಯಾಯವಾಗಿ ಓದಿದರೆ ವಿಷಯ ಕೈಗೆ ಸಿಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕೂಟ ನಡೆಸುವ ಮನೆಯವನಿಗೆ ಪೊಲೀಸರ ಭಯ ಹೆಚ್ಚಿದಷ್ಟೂ ಬಂದವರ ದೇಹಕ್ಕೆ ಅಪಾಯ ಹೆಚ್ಚುತ್ತದೆ.

ತೀರ್ಪು ಹೇಳಿದ್ದು, ಹೇಳದೆ ಬಿಟ್ಟದ್ದು

ಮೊದಲು ಆ ಪ್ರಕರಣವನ್ನೇ ಹತ್ತಿರದಿಂದ ನೋಡೋಣ. 1998ರ ಸೆಪ್ಟೆಂಬರ್ 17ರ ರಾತ್ರಿ ಹ್ಯೂಸ್ಟನ್ ಪ್ರದೇಶದ ಅಪಾರ್ಟ್‌ಮೆಂಟ್ ಒಂದಕ್ಕೆ ಪೊಲೀಸರು ನುಗ್ಗಿದರು. ಕಪ್ಪು ಮನುಷ್ಯನೊಬ್ಬ ಬಂದೂಕು ಹಿಡಿದು ಹುಚ್ಚಾಟ ನಡೆಸುತ್ತಿದ್ದಾನೆ ಎಂಬ ಸುಳ್ಳು ದೂರವಾಣಿ ಕರೆ ಅವರನ್ನು ಅಲ್ಲಿಗೆ ತಂದಿತ್ತು. ಬಂದೂಕು ಸಿಗಲಿಲ್ಲ. ಮನೆಯ ಯಜಮಾನ ಜಾನ್ ಲಾರೆನ್ಸ್ ಬಿಳಿಯ, ಅವನ ಜೊತೆಗಿದ್ದ ಟೈರನ್ ಗಾರ್ನರ್ ಕಪ್ಪು ಯುವಕ. ಸಲಿಂಗ ಸಂಭೋಗ ನಿಷೇಧ ಕಾನೂನಿನಡಿ ಇಬ್ಬರನ್ನೂ ಬಂಧಿಸಿ, ರಾತ್ರಿಯಿಡೀ ಕೂಡಿಹಾಕಿದರು. ಮುಂದೆ ತಲಾ 200 ಡಾಲರ್ ದಂಡವನ್ನೂ 141 ಡಾಲರ್ 25 ಸೆಂಟ್ ನ್ಯಾಯಾಲಯದ ಖರ್ಚನ್ನೂ ವಿಧಿಸಲಾಯಿತು. 2003ರ ಜೂನ್ 26ರಂದು ಸುಪ್ರೀಂ ಕೋರ್ಟ್ ಆರು-ಮೂರರ ಬಹುಮತದಿಂದ ಆ ಕಾನೂನನ್ನು ರದ್ದುಪಡಿಸಿತು. ಅಟ್ಲಾಂಟಾದ ಮಲಗುವ ಕೋಣೆಯೊಂದರಿಂದ ಹೊರಟ ಬೋವರ್ಸ್ ವಿರುದ್ಧ ಹಾರ್ಡ್‌ವಿಕ್ ಪ್ರಕರಣದಲ್ಲಿ, ಇಂಥ ಕಾನೂನನ್ನು ಎತ್ತಿಹಿಡಿದು 1986ರಲ್ಲಿ ತಾನೇ ಕೊಟ್ಟಿದ್ದ ತೀರ್ಪು ತಪ್ಪು ಎಂದೂ ಒಪ್ಪಿಕೊಂಡಿತು. ಗಾರ್ನರ್ 2006ರಲ್ಲಿ, 39ನೇ ವಯಸ್ಸಿನಲ್ಲಿ ತೀರಿಕೊಂಡ. ತೀರ್ಪಿನ ಹೆಸರಿನಲ್ಲಿ ಅವನಿಲ್ಲದಿರುವುದರಿಂದಲೋ ಏನೋ, ಆ ರಾತ್ರಿಯ ಕರೆ ಒಬ್ಬ ಕಪ್ಪು ಪುರುಷನ ವಿರುದ್ಧ ಮಾಡಿದ್ದು ಎಂಬುದು ಓದುವವರ ಗಮನದಿಂದ ಜಾರಿಹೋಗುತ್ತದೆ. ನಾವು ಅದನ್ನು ಮರೆಯಬಾರದು.

ನ್ಯಾಯಮೂರ್ತಿ ಕೆನಡಿ ಬರೆದ ಆ ತೀರ್ಪು ತನ್ನ ಎಲ್ಲೆಯನ್ನು ತಾನೇ ಗುರುತಿಸಿಕೊಂಡಿದೆ. ಈ ಪ್ರಕರಣದಲ್ಲಿ ಅಪ್ರಾಪ್ತರಿಲ್ಲ, ಬಲವಂತಕ್ಕೆ ಒಳಗಾದವರಿಲ್ಲ, ಸಾರ್ವಜನಿಕ ವರ್ತನೆ ಇಲ್ಲ, ವೇಶ್ಯಾವೃತ್ತಿ ಇಲ್ಲ ಎಂದು ಅದು ಎಣಿಸಿ ಹೇಳುತ್ತದೆ. ಮೊದಲ ಎರಡರ ಬಗ್ಗೆ ಯಾರಿಗೂ ತಕರಾರಿಲ್ಲ. ಆದರೆ ಅನೇಕರು ಸೇರುವ, ಬಾಗಿಲಲ್ಲಿ ಹಣ ಪಡೆಯುವ ಕೂಟಕ್ಕೆ ಕೊನೆಯ ಎರಡು ಮಾತುಗಳೇ ತೊಡಕು.

ಜಾರ್ಜಿಯಾ ರಾಜ್ಯದ ಉದಾಹರಣೆ ನೋಡಿ. ಅಲ್ಲಿನ ದಂಡ ಸಂಹಿತೆಯಲ್ಲಿ ‘ಸಾರ್ವಜನಿಕ ಸ್ಥಳ’ ಎಂದರೆ ಬೀದಿ, ಉದ್ಯಾನ ಮಾತ್ರವಲ್ಲ. ಆ ವರ್ತನೆಯನ್ನು ಮಾಡುವವನ ಕುಟುಂಬದವರು ಅಥವಾ ಮನೆಮಂದಿಯಲ್ಲದವರು ನೋಡಬಹುದು ಎಂದು ಸಹಜವಾಗಿ ನಿರೀಕ್ಷಿಸಬಹುದಾದ ಯಾವ ಜಾಗವಾದರೂ ಸಾರ್ವಜನಿಕವೇ. ಈ ವ್ಯಾಖ್ಯೆಯನ್ನು ಅಕ್ಷರಶಃ ಓದಿದರೆ, ಪರದೆ ಎಳೆದ ಹಜಾರದಲ್ಲಿ ಅತಿಥಿಗಳ ಎದುರು ನಡೆಯುವುದೂ ಸಾರ್ವಜನಿಕ ಅಸಭ್ಯತೆಯ ಆರೋಪಕ್ಕೆ ಗುರಿಯಾಗಬಹುದು. ಒಪ್ಪಿದವರು ಮಾತ್ರ ಇರುವ ಮನೆಗೆ ಈ ಅರ್ಥ ಅನ್ವಯಿಸಬಾರದು ಎಂದು ವಾದಿಸಲು ಲಾರೆನ್ಸ್ ತೀರ್ಪು ಬಲ ಕೊಡುತ್ತದೆ ನಿಜ. ಆದರೆ ವಾದ ನಡೆಯುವುದು ಬಂಧನವಾದ ಮೇಲೆ.

ಇಂಗ್ಲೆಂಡಿನ ಇತಿಹಾಸ ಇದಕ್ಕೆ ಒಳ್ಳೆಯ ಹೋಲಿಕೆ. 1967ರ ಕಾಯಿದೆ ಪುರುಷರ ನಡುವಿನ ಸಂಬಂಧವನ್ನು ಅಪರಾಧಮುಕ್ತಗೊಳಿಸಿತಾದರೂ, ಇಬ್ಬರಿಗಿಂತ ಹೆಚ್ಚು ಜನರಿದ್ದರೆ ಅದು ಖಾಸಗಿಯಲ್ಲ ಎಂದು ಬರೆದಿಟ್ಟಿತ್ತು. ಎ.ಡಿ.ಟಿ. ವಿರುದ್ಧ ಯುನೈಟೆಡ್ ಕಿಂಗ್‌ಡಂ ಪ್ರಕರಣದಲ್ಲಿ, ತನ್ನ ಮನೆಯಲ್ಲೇ ಕೆಲವು ಗೆಳೆಯರೊಡನೆ ಇದ್ದವನನ್ನು ಶಿಕ್ಷಿಸಿದ್ದು ಖಾಸಗಿ ಬದುಕಿನ ಹಕ್ಕಿನ ಉಲ್ಲಂಘನೆ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2000ದಲ್ಲಿ ಹೇಳಿತು. 2003ರ ಕಾಯಿದೆ ಆ ‘ಮೂರನೆಯವನ’ ನಿಯಮವನ್ನು ತೆಗೆದುಹಾಕಿತು. ಅಮೆರಿಕದ ಸುಪ್ರೀಂ ಕೋರ್ಟ್ ಮೂರನೆಯವನ ಪ್ರಶ್ನೆಯನ್ನು ಇಷ್ಟು ನೇರವಾಗಿ ಎದುರಿಸಿಲ್ಲ. ಸಲಿಂಗ ಸಂಬಂಧವನ್ನು ಅಪರಾಧಮುಕ್ತಗೊಳಿಸಿದ ನಮ್ಮ ಸುಪ್ರೀಂ ಕೋರ್ಟಿನ 2018ರ ನವತೇಜ್ ಸಿಂಗ್ ಜೋಹರ್ ತೀರ್ಪಿನ ರಕ್ಷಣೆಯೂ ವಯಸ್ಕರು ‘ಖಾಸಗಿಯಾಗಿ’ ನಡೆಸುವ ಸಮ್ಮತಿಯ ಸಂಬಂಧಕ್ಕೆ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು.

ಕೂಟ ಮನೆಯೊಳಗೆ ಬಂದ ಬಗೆ

ಕಪ್ಪು ಗೇ ಪುರುಷರು ಬಾರು, ಕ್ಲಬ್ಬುಗಳಿಗಿಂತ ಮನೆಗಳಲ್ಲಿ ಸೇರುವುದಕ್ಕೆ ಬೇರೂರಿದ ಕಾರಣಗಳಿವೆ. ಹೋಟೆಲುಗಳು ಕಪ್ಪು ಪ್ರಯಾಣಿಕರಿಗೆ ಕೋಣೆ ಕೊಡದಿದ್ದ ಕಾಲದಲ್ಲಿ, ರೈಲಿನ ಪುಲ್‌ಮನ್ ಎಂಬ ಮಲಗುವ ಬೋಗಿಗಳಲ್ಲಿ ದುಡಿಯುತ್ತಿದ್ದವರೂ ಊರೂರು ಸುತ್ತುವ ಕಲಾವಿದರೂ ಉಳಿಯುತ್ತಿದ್ದ ಖಾಸಗಿ ಮನೆಗಳು ಬೆಳೆದು, 1920ರ ದಶಕದಲ್ಲಿ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್, ಡೆಟ್ರಾಯಿಟ್, ಶಿಕಾಗೋಗಳಲ್ಲಿ ‘ಬಫೆ ಫ್ಲ್ಯಾಟ್’ ಎಂಬ ಹೆಸರು ಪಡೆದವು. ಊಟ, ಮದ್ಯ, ಜೂಜು, ಸಂಗೀತದ ಜೊತೆಗೆ ಲೈಂಗಿಕ ಸ್ವಾತಂತ್ರ್ಯವೂ ಅಲ್ಲಿತ್ತು. ಗಂಡನ್ನು ಗಂಡು, ಹೆಣ್ಣನ್ನು ಹೆಣ್ಣು ಬಯಸಿದರೆ ತಲೆಕೆಡಿಸಿಕೊಳ್ಳುವವರು ಅಲ್ಲಿ ಕಡಿಮೆ. ಹಾರ್ಲೆಮ್‌ನಲ್ಲಿ 1893ರಲ್ಲಿ ಆರಂಭವಾದ ಮೌಂಟ್ ಮಾರಿಸ್ ಸ್ನಾನಗೃಹ ಕಾಲಾನಂತರದಲ್ಲಿ ಕಪ್ಪು ಗೇ ಪುರುಷರ ತಾಣವಾಗಿ 2003ರವರೆಗೆ ಉಳಿದದ್ದು ಅಪರೂಪದ ಅಪವಾದ.

ಪೊಲೀಸ್ ದಾಳಿಯ ವಿರುದ್ಧ 1969ರಲ್ಲಿ ನ್ಯೂಯಾರ್ಕಿನ ಗೇ ಬಾರೊಂದರಲ್ಲಿ ಎದ್ದ ಸ್ಟೋನ್‌ವಾಲ್ ದಂಗೆಯ ನಂತರ ಗೇ ಬಾರುಗಳು ಬಹಿರಂಗವಾಗಿ ತೆರೆದವಾದರೂ, ಕಪ್ಪು ಪುರುಷ ಬಾಗಿಲಿಗೆ ಬಂದರೆ ಎರಡು ಮೂರು ಗುರುತಿನ ಚೀಟಿ ಕೇಳಿ ಹಿಂದಕ್ಕೆ ಕಳಿಸುವ ‘ಕಾರ್ಡಿಂಗ್’ ರೂಢಿಯಾಗಿತ್ತು. ವಾಷಿಂಗ್ಟನ್ನಿನಲ್ಲಿ ಇದರ ವಿರುದ್ಧ 1970ರ ದಶಕದ ಆರಂಭದಲ್ಲೇ ಪ್ರತಿಭಟನೆಗಳಾದವು. ಬಾಗಿಲು ಮುಚ್ಚಿಸಿಕೊಂಡವರು ತಮ್ಮದೇ ಬಾಗಿಲು ತೆರೆದರು. ಅವರ ಕೂಟ ಮನೆಯಲ್ಲಿ ನಡೆಯುವುದನ್ನು ‘ಗುಟ್ಟಿನ ಬದುಕು’ ಎಂದು ವಿವರಿಸುವ ಬರಹಗಳನ್ನು ಓದುವಾಗ ನನಗೆ ನೋವಾಗುತ್ತದೆ, ಏಕೆಂದರೆ ಅವು ಹೊರಗಟ್ಟಿದವರನ್ನು ಬಿಟ್ಟು ಹೊರಗಾದವರನ್ನು ಪರೀಕ್ಷಿಸುತ್ತವೆ.

ಮನೆಯವನ ಮೇಲೆ ಬೀಳುವ ಆರೋಪಗಳು

ಲೈಂಗಿಕ ಕ್ರಿಯೆಯೇ ಅಪರಾಧವಲ್ಲದಿದ್ದರೂ ಅದರ ಸುತ್ತಲಿನದು ಅಪರಾಧವಾಗಬಹುದು ಎಂಬ ಸೂತ್ರ ಹಿಡಿದರೆ ಈ ಭಾಗ ಸುಲಭ. ಊಟ, ಹಾಸಿಗೆ ಬಟ್ಟೆ, ಕಾಂಡೋಮಿನ ಖರ್ಚಿಗೆಂದು ಬಾಗಿಲಲ್ಲಿ ಹಣ ಪಡೆದರೆ, ಪರವಾನಗಿ ಇಲ್ಲದ ವ್ಯಾಪಾರ, ವಸತಿ ಪ್ರದೇಶದ ಬಳಕೆಯ ನಿಯಮದ ಉಲ್ಲಂಘನೆ, ಕೆಲವೆಡೆ ವೇಶ್ಯಾವೃತ್ತಿಯ ತಾಣ ನಡೆಸಿದ ಆರೋಪ, ಇವೆಲ್ಲ ಬರಬಹುದು. ಹಣ ಪಡೆದು ಮದ್ಯ ಕೊಟ್ಟರೆ ಮದ್ಯದ ಪರವಾನಗಿಯ ಪ್ರಶ್ನೆ. ಟೆಕ್ಸಸ್ಸಿನ ಡಂಕನ್‌ವಿಲ್ ಪಟ್ಟಣ, ಗಂಡುಹೆಣ್ಣು ಜೋಡಿಗಳು ಸೇರುತ್ತಿದ್ದ ಮನೆಯೊಂದರ ಕಾರಣಕ್ಕೆ, ವಸತಿ ಪ್ರದೇಶದಲ್ಲಿ ಸೆಕ್ಸ್ ಕ್ಲಬ್ ನಡೆಸುವುದನ್ನು 2007ರಲ್ಲಿ ನಿಷೇಧಿಸಿತು. ನ್ಯೂಯಾರ್ಕ್ ರಾಜ್ಯದ ಆರೋಗ್ಯ ನಿಯಮಗಳು 1985ರಲ್ಲಿ ತಿದ್ದುಪಡಿಯಾಗಿ, ಅದೇ ಚಳಿಗಾಲದಲ್ಲಿ ಮೈನ್‌ಶಾಫ್ಟ್ ಕ್ಲಬ್ಬೂ ನ್ಯೂ ಸೇಂಟ್ ಮಾರ್ಕ್ಸ್ ಸ್ನಾನಗೃಹವೂ ಮುಚ್ಚಿದ್ದು ಈ ಬಗೆಯ ಅಧಿಕಾರದ ಹಳೆಯ ನಿದರ್ಶನ.

ಅತಿಥಿಗಳಿಗೂ ಅಪಾಯ ತಪ್ಪಿದ್ದಲ್ಲ. ವಾಷಿಂಗ್ಟನ್ನಿನ ಖಾಲಿ ಮನೆಯೊಂದರಲ್ಲಿ 2008ರಲ್ಲಿ ನಡೆದ ಪಾರ್ಟಿಯಿಂದ ಪೊಲೀಸರು 21 ಜನರನ್ನು ಬಂಧಿಸಿದರು. ಕರೆದವಳಿಗೆ ಆ ಮನೆಯ ಮೇಲೆ ಹಕ್ಕಿರಲಿಲ್ಲ. ಬಂದವರು ಅದು ಗೊತ್ತಿರಲಿಲ್ಲ ಎಂದರು. ಆದರೂ ಬಂಧಿಸಲು ಸಾಕಷ್ಟು ಕಾರಣವಿತ್ತು ಎಂದು ಸುಪ್ರೀಂ ಕೋರ್ಟ್ 2018ರ ವೆಸ್ಬಿ ತೀರ್ಪಿನಲ್ಲಿ ಹೇಳಿತು. ಅದು ಗೇ ಕೂಟವಲ್ಲ, ಆದರೆ ಒಂದು ರಾತ್ರಿಗೆಂದು ಬಾಡಿಗೆಗೆ ಹಿಡಿದ ಅಥವಾ ಯಾರದೋ ಮನೆಯಲ್ಲಿ ನಡೆಯುವ ಯಾವ ಕೂಟಕ್ಕೂ ಅದರ ಪಾಠ ಅನ್ವಯಿಸುತ್ತದೆ. ಇನ್ನು ವಾರಂಟಿನ ವಿಚಾರ. ಮನೆಯೊಳಗೆ ಬಂಧಿಸಲು ಸಾಮಾನ್ಯವಾಗಿ ವಾರಂಟ್ ಬೇಕು ಎಂದು 1980ರ ಪೇಟನ್ ತೀರ್ಪು ಹೇಳುತ್ತದೆ. ರಾತ್ರಿ ತಂಗುವ ಅತಿಥಿಗೆ 1990ರ ಓಲ್ಸನ್ ತೀರ್ಪು ರಕ್ಷಣೆ ಕೊಟ್ಟರೆ, ವ್ಯವಹಾರಕ್ಕೆಂದು ಸ್ವಲ್ಪ ಹೊತ್ತು ಬಂದುಹೋಗುವವನಿಗೆ 1998ರ ಕಾರ್ಟರ್ ತೀರ್ಪು ಅದನ್ನು ಕೊಡಲಿಲ್ಲ. ಹಣ ಕೊಟ್ಟು ಎರಡು ಗಂಟೆ ಇದ್ದು ಹೋಗುವವನು ಇವೆರಡರ ನಡುವೆ ನಿಲ್ಲುತ್ತಾನೆ.

ಪೊಲೀಸರು ಎಲ್ಲೆ ಮೀರುವುದೂ ಉಂಟು. 2009ರ ಸೆಪ್ಟೆಂಬರ್ 10ರಂದು ಅಟ್ಲಾಂಟಾದ ಈಗಲ್ ಎಂಬ ಗೇ ಬಾರಿಗೆ ದಾಳಿಯಿಟ್ಟ ಪೊಲೀಸರು 62 ಗಿರಾಕಿಗಳನ್ನು ನೆಲಕ್ಕೆ ಮುಖ ಮಾಡಿ ಮಲಗಿಸಿ ಶೋಧಿಸಿದರು. ಮಾದಕ ವಸ್ತು ಸಿಗಲಿಲ್ಲ. ಮರುವರ್ಷ ನಗರಾಡಳಿತ ಹತ್ತು ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಕೊಟ್ಟು ರಾಜಿ ಮಾಡಿಕೊಂಡಿತು.

ರೋಗದ ಲೆಕ್ಕವನ್ನು ಸರಿಯಾಗಿ ಓದುವುದು

ಅಂದಿನ ಸೋಂಕಿನ ಪ್ರಮಾಣವೇ ಮುಂದುವರಿದರೆ ಅಮೆರಿಕದ ಗೇ ಮತ್ತು ದ್ವಿಲಿಂಗಿ ಕಪ್ಪು ಪುರುಷರಲ್ಲಿ ಇಬ್ಬರಿಗೊಬ್ಬರಿಗೆ, ಬಿಳಿಯರಲ್ಲಿ 11 ಜನರಿಗೊಬ್ಬರಿಗೆ ಜೀವಿತಾವಧಿಯಲ್ಲಿ ಎಚ್‌ಐವಿ ತಗಲಬಹುದು ಎಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, 2016ರಲ್ಲಿ ಅಂದಾಜಿಸಿತು. ಈ ಅಂಕಿ ನೋಡಿದೊಡನೆ ‘ಅವರ ನಡವಳಿಕೆಯೇ ಹಾಗೆ’ ಎಂಬ ತೀರ್ಮಾನಕ್ಕೆ ಹಾರುವುದು ಪರೀಕ್ಷೆಯಲ್ಲೂ ಬದುಕಿನಲ್ಲೂ ತಪ್ಪು. ಗ್ರೆಗೋರಿಯೋ ಮಿಲೆಟ್ ಮತ್ತು ಸಂಗಡಿಗರು ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲೂ 2012ರಲ್ಲೂ ತೋರಿಸಿದ್ದು ಇದರ ವಿರುದ್ಧವಾದದ್ದು: ಕಪ್ಪು ಪುರುಷರ ಲೈಂಗಿಕ ನಡವಳಿಕೆ ಬಿಳಿಯರಿಗಿಂತ ಹೆಚ್ಚು ಅಪಾಯಕಾರಿಯಲ್ಲ. ವ್ಯತ್ಯಾಸವಿರುವುದು ವಿಮೆಯಲ್ಲಿ, ಚಿಕಿತ್ಸೆ ತಲುಪುವುದರಲ್ಲಿ, ಪತ್ತೆಯಾಗದೆ ಉಳಿದ ಸೋಂಕಿನಲ್ಲಿ. ಸಂಗಾತಿಗಳ ವಲಯ ಚಿಕ್ಕದಾಗಿದ್ದು ಅದರಲ್ಲಿ ಚಿಕಿತ್ಸೆ ಸಿಗದ ಸೋಂಕು ಹೆಚ್ಚಿದ್ದರೆ, ಕಡಿಮೆ ಸಂಗಾತಿಗಳಿರುವವನಿಗೂ ಅಪಾಯ ಹೆಚ್ಚು. ಕೂಟವೆಂದರೆ ಅಂಥ ವಲಯ ಒಂದು ರಾತ್ರಿ ಒಂದೆಡೆ ಸೇರುವುದು; ಹಾಗಾಗಿ ಸೋಂಕು ಹರಡುವುದಕ್ಕೂ ತಡೆಯುವ ಉಪಾಯ ಒಮ್ಮೆಗೇ ಎಲ್ಲರಿಗೆ ತಲುಪುವುದಕ್ಕೂ ಅದೇ ಜಾಗ.

ಉಪಾಯಗಳು ಇಂದು ಹಲವಿವೆ. ಎಚ್‌ಐವಿ ಇರುವವನು ಚಿಕಿತ್ಸೆಯಲ್ಲಿದ್ದು ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದಿದ್ದರೆ, ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ. ಎಚ್‌ಐವಿ ಇಲ್ಲದವನಿಗೆ, ಅದು ತಗಲದಂತೆ ಮೊದಲೇ ತೆಗೆದುಕೊಳ್ಳುವ ಪ್ರೆಪ್ ಮಾತ್ರೆ 2012ರಿಂದ, ಎರಡು ತಿಂಗಳಿಗೊಮ್ಮೆ ಪಡೆಯುವ ಚುಚ್ಚುಮದ್ದು 2021ರ ಕೊನೆಯಿಂದ, ಆರು ತಿಂಗಳಿಗೊಮ್ಮೆಯದು 2025ರಿಂದ ಅಲ್ಲಿ ಲಭ್ಯ. ಮುನ್ನೆಚ್ಚರಿಕೆ ತಪ್ಪಿದ್ದರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳುವ ಪೆಪ್ ಎಂಬ ಔಷಧ ಕ್ರಮ ಇದೆ. ಸಿಫಿಲಿಸ್, ಕ್ಲಮೀಡಿಯಾಗಳ ಅಪಾಯ ತಗ್ಗಿಸಲು, ಸಂಪರ್ಕದ ನಂತರ 72 ಗಂಟೆಯೊಳಗೆ ವೈದ್ಯರ ಸಲಹೆಯಂತೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ತೆಗೆದುಕೊಳ್ಳುವ ಕ್ರಮವನ್ನು ಸಿಡಿಸಿ 2024ರಲ್ಲಿ ಶಿಫಾರಸು ಮಾಡಿತು. 2022ರಲ್ಲಿ ಎಂಪಾಕ್ಸ್ (ಹಿಂದಿನ ಹೆಸರು ಮಂಕಿಪಾಕ್ಸ್) ಹರಡಿದಾಗ ಲಸಿಕೆಯನ್ನು ಕಪ್ಪು ಗೇ ಸಮುದಾಯದ ಹಬ್ಬವಾದ ಅಟ್ಲಾಂಟಾ ಬ್ಲ್ಯಾಕ್ ಪ್ರೈಡ್ ನಡೆಯುವ ಜಾಗಕ್ಕೇ ಒಯ್ದದ್ದು, ಜನ ಸೇರುವಲ್ಲಿಗೆ ಆರೋಗ್ಯ ಇಲಾಖೆ ತಾನೇ ಹೋಗಬೇಕು ಎಂಬ ತಿಳಿವಳಿಕೆಯ ಫಲ.

ಆದರೆ ಕಾನೂನು ಇಲ್ಲೂ ಅಡ್ಡ ಬರುತ್ತದೆ. ಹಲವು ರಾಜ್ಯಗಳಲ್ಲಿ ತನಗೆ ಎಚ್‌ಐವಿ ಇದೆ ಎಂದು ತಿಳಿಸದೆ ಸಂಪರ್ಕ ಹೊಂದುವುದೇ ಅಪರಾಧ, ಸೋಂಕು ಹರಡದಿದ್ದರೂ ಸರಿ. ಮಿಸೌರಿಯಲ್ಲಿ ಮೈಕೆಲ್ ಜಾನ್ಸನ್ ಎಂಬ ಕಪ್ಪು ವಿದ್ಯಾರ್ಥಿ, ಕಾಲೇಜಿನ ಕುಸ್ತಿಪಟು, 2015ರಲ್ಲಿ ಇಂಥ ಕಾನೂನಿನಡಿ 30 ವರ್ಷಗಳ ಶಿಕ್ಷೆ ಪಡೆದ. ವಿಚಾರಣೆ ನ್ಯಾಯಯುತವಾಗಿರಲಿಲ್ಲವೆಂದು ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿತು, 2019ರಲ್ಲಿ ಅವನು ಹೊರಬಂದ. ಇಂಥ ಕಾನೂನಿನಡಿ ಪರೀಕ್ಷೆ ಮಾಡಿಸದವನು ‘ನನಗೆ ಗೊತ್ತಿರಲಿಲ್ಲ’ ಎನ್ನಬಹುದು, ಮಾಡಿಸಿಕೊಂಡವನೇ ಸಿಕ್ಕಿಬೀಳುತ್ತಾನೆ. ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಇದಕ್ಕಿಂತ ಹಾನಿಕರವಾದ ಏರ್ಪಾಟು ಕಡಿಮೆ. ಇಲಿನಾಯ್ 2021ರಲ್ಲಿ ಅದನ್ನು ಪೂರ್ತಿ ತೆಗೆದುಹಾಕಿತು. ಜಾರ್ಜಿಯಾ 2022ರಲ್ಲಿ, ಹರಡುವ ಉದ್ದೇಶವನ್ನು ಸಾಬೀತುಪಡಿಸಬೇಕೆಂದು ಬದಲಿಸಿತು. ಕಾಂಡೋಮಿನ ಕಥೆಯೂ ಇಂಥದ್ದೇ. ಅದನ್ನು ವೇಶ್ಯಾವೃತ್ತಿಯ ಸಾಕ್ಷ್ಯವಾಗಿ ಬಳಸುವುದನ್ನು ಕ್ಯಾಲಿಫೋರ್ನಿಯಾ ತಡೆದದ್ದು 2019ರಲ್ಲಿ.

ಸಮ್ಮತಿ, ಮಾದಕ ವಸ್ತು, ತುರ್ತು ಕರೆ

ಬಾಗಿಲೊಳಗೆ ಬಂದದ್ದು ಎಲ್ಲದಕ್ಕೂ ಸಮ್ಮತಿಯಲ್ಲ. ಒಬ್ಬೊಬ್ಬರಿಂದ, ಒಂದೊಂದಕ್ಕೆ, ಪ್ರತಿಬಾರಿ ಪಡೆಯಬೇಕು, ಮತ್ತು ಪ್ರಜ್ಞೆ ತಪ್ಪಿದವನಿಂದ ಅದು ಸಿಗಲಾರದು. ವಯಸ್ಸನ್ನು ಮುಖ ನೋಡಿ ಊಹಿಸದೆ ಬಾಗಿಲಲ್ಲೇ ಗುರುತಿನ ಚೀಟಿ ನೋಡಬೇಕು. ಜಿಎಚ್‌ಬಿ ಎಂಬ ಮಾದಕ ದ್ರವದಲ್ಲಿ ಅಮಲಿನ ಪ್ರಮಾಣಕ್ಕೂ ಪ್ರಜ್ಞೆ ತಪ್ಪಿಸುವ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ, ಮದ್ಯದೊಡನೆ ಸೇರಿದರೆ ಉಸಿರೇ ನಿಲ್ಲಬಹುದು. ಮೂಸಿ ಸೇವಿಸುವ ಪಾಪರ್ಸ್ ಎಂಬ ದ್ರವದ ಜೊತೆ ವಯಾಗ್ರ ಸೇರಿದರೆ ರಕ್ತದೊತ್ತಡ ಕುಸಿಯುತ್ತದೆ. ಮಾದಕ ವಸ್ತು ಮಿತಿಮೀರಿದಾಗ ಕೊಡುವ ನಲೋಕ್ಸೋನ್ ಮೂಗಿನ ಸ್ಪ್ರೇ ಫೆಂಟನಿಲ್‌ನಂಥ ಅಫೀಮು ಜಾತಿಯ ವಸ್ತುಗಳಿಗೆ ಕೆಲಸ ಮಾಡುತ್ತದೆ. ಜಿಎಚ್‌ಬಿಗೂ ಮೆಥ್‌ಗೂ (ಮೆಥಾಂಫೆಟಮಿನ್ ಎಂಬ ಉತ್ತೇಜಕಕ್ಕೂ) ಮಾಡುವುದಿಲ್ಲ.

ವೆಸ್ಟ್ ಹಾಲಿವುಡ್‌ನ ಎಡ್ ಬಕ್ ಎಂಬ ಶ್ರೀಮಂತ ಬಿಳಿಯನ ಮನೆಯಲ್ಲಿ 2017ರಲ್ಲಿ ಗೆಮೆಲ್ ಮೂರ್, 2019ರ ಜನವರಿಯಲ್ಲಿ ಟಿಮೊಥಿ ಡೀನ್ ಎಂಬ ಇಬ್ಬರು ಕಪ್ಪು ಪುರುಷರು ಮೆಥ್‌ನಿಂದ ಸತ್ತರು. ಮೊದಲ ಸಾವಿನ ನಂತರವೇ ತಾಯಿ ಮತ್ತು ಸಮುದಾಯದವರು ಬೀದಿಗಿಳಿದು ಕೇಳಿದರೂ ಬಂಧನವಾದದ್ದು 2019ರ ಸೆಪ್ಟೆಂಬರಿನಲ್ಲಿ; 2022ರಲ್ಲಿ ಅವನಿಗೆ 30 ವರ್ಷಗಳ ಶಿಕ್ಷೆಯಾಯಿತು. ಅವನ ಮೇಲೆ ಸಾಬೀತಾದ ಆರೋಪಗಳಲ್ಲಿ ಮಾದಕ ವಸ್ತುವಿಗಾಗಿ ಮನೆಯನ್ನು ಇಟ್ಟುಕೊಂಡದ್ದೂ ಒಂದು. ಅದು 1986ರ ಕೇಂದ್ರ ಕಾನೂನು, ಗರಿಷ್ಠ ಶಿಕ್ಷೆ 20 ವರ್ಷ. ಬಕ್‌ನಂಥವನ ಮೇಲೆ ಅದನ್ನು ಹೊರಿಸಿದ್ದು ನ್ಯಾಯ. ಆದರೆ ಸಾಮಾನ್ಯ ಕೂಟವೊಂದರಲ್ಲಿ ಅತಿಥಿ ಕುಸಿದು ಬಿದ್ದಾಗ, ತುರ್ತು ಸಹಾಯದ ಸಂಖ್ಯೆ 911ಕ್ಕೆ ಕರೆ ಮಾಡಬೇಕಾದವನ ತಲೆಯಲ್ಲಿ ಸುಳಿಯುವುದೂ ಇದೇ ಕಾನೂನು. ಜಾರ್ಜಿಯಾದ 2014ರ ಕಾಯಿದೆಯಂತಹವು, ಸಹಾಯ ಕೇಳಿ ಕರೆ ಮಾಡಿದವನನ್ನು ಸಣ್ಣ ಪ್ರಮಾಣದ ಮಾದಕ ವಸ್ತು ಹೊಂದಿದ್ದ ಆರೋಪದಿಂದ ಕಾಪಾಡುತ್ತವೆ. ಮನೆ ನಡೆಸಿದ ಕೇಂದ್ರದ ಆರೋಪದಿಂದ ರಾಜ್ಯದ ಕಾಯಿದೆ ಯಾರನ್ನೂ ಕಾಪಾಡಲಾರದು, ಮತ್ತು ಅಂಥ ರಾತ್ರಿ ಫೋನು ಕೈಗೆತ್ತಿಕೊಳ್ಳಬೇಕಾದವನು ಹೆಚ್ಚಾಗಿ ಮನೆಯವನೇ ಆಗಿರುತ್ತಾನೆ.