ಹೆಸರು ಯಾರ ಸೊತ್ತು? ಪತ್ರಿಕೆ, ಚಾನೆಲ್‌ಗಳ ಹೆಸರಿನ ತಕರಾರು ಬೆಳೆದು ಬಂದ ಬಗೆ

ಕಾರವಾರ, ಕುಮಟಾ, ಶಿರಸಿ ಕಡೆ ಸಣ್ಣ ಪತ್ರಿಕೆ ನಡೆಸುವವರ ಬಾಯಲ್ಲಿ ಒಂದು ಮಾತು ಸದಾ ಇರುತ್ತದೆ: ‘ಆರ್‌ಎನ್‌ಐ ಆಗಿದೆ, ಹೆಸರು ನಮ್ಮದು.’ ಪತ್ರಿಕೆಗಳ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಸರು ನೋಂದಣಿ ಆಗಿದೆ ಎಂದು ಇದರ ಅರ್ಥ. ಈ ಮಾತು ಅರ್ಧ ಮಾತ್ರ ನಿಜ. ಉಳಿದರ್ಧ ಗೊತ್ತಾಗುವುದು ಪಕ್ಕದ ಊರಿನಲ್ಲಿ ಯಾರೋ ಅದೇ ಹೆಸರಿಗೆ ‘ನ್ಯೂಸ್’ ಎಂದೋ ‘ಲೈವ್’ ಎಂದೋ ಬಾಲ ಸೇರಿಸಿ ಯೂಟ್ಯೂಬ್ ಚಾನೆಲ್ ತೆರೆದ ದಿನ. ಮಾರಿಕಾಂಬಾ ಜಾತ್ರೆಯ ಪುರವಣಿಗೆಂದು ಬರಬೇಕಿದ್ದ ಜಾಹೀರಾತಿನ ಹಣ ಅತ್ತ ಹೋಗುತ್ತದೆ. ಅವರು ಹಾಕಿದ ತಪ್ಪು ಸುದ್ದಿಗೆ ಬೈಗುಳ ಇತ್ತ ಬರುತ್ತದೆ. ಪ್ರಮಾಣಪತ್ರ ಹಿಡಿದು ವಕೀಲರ ಬಳಿ ಹೋದರೆ ಅವರು ಕೇಳುವ ಮೊದಲ ಪ್ರಶ್ನೆಯೇ ಬೇರೆ: ‘ಟ್ರೇಡ್‌ಮಾರ್ಕ್ ಮಾಡಿಸಿದ್ದೀರಾ?’ ಅಂದರೆ, ಹೆಸರನ್ನು ವ್ಯಾಪಾರದ ಗುರುತಾಗಿ ನೋಂದಾಯಿಸಿದ್ದೀರಾ ಎಂದು.

ಇವೆರಡೂ ಬೇರೆ ಬೇರೆ ಏಕೆ ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

ಕನ್ನಡದ ಮೊದಲ ಪತ್ರಿಕೆ 1843ರ ‘ಮಂಗಳೂರ ಸಮಾಚಾರ’. ಮರುವರ್ಷ ಅದು ಬಳ್ಳಾರಿಗೆ ಹೋದಾಗ ಹೆಸರು ‘ಕನ್ನಡ ಸಮಾಚಾರ’ ಆಯಿತು. ಊರಿನದೋ ನಾಡಿನದೋ ಹೆಸರು, ಅದರ ಮುಂದೆ ಸುದ್ದಿ ಎಂಬರ್ಥದ ಒಂದು ಪದ: ಈ ಅಚ್ಚು ಅಂದೇ ಬಿತ್ತು. ಕುಮಟಾದ ‘ಕಾನಡಾ ವೃತ್ತ’ ಕೂಡ ಅದೇ ಅಚ್ಚಿನದು. ಆಗ ಇದರಿಂದ ಯಾರಿಗೂ ತೊಂದರೆಯಿರಲಿಲ್ಲ, ಪತ್ರಿಕೆಗಳೇ ವಿರಳ. 1862ರಿಂದ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1867ರ ಪತ್ರಿಕಾ ಮತ್ತು ಪುಸ್ತಕ ನೋಂದಣಿ ಕಾಯ್ದೆ ಕೇಳುತ್ತಿದ್ದುದು ಮುದ್ರಿಸುವವರು ಯಾರು, ಪ್ರಕಟಿಸುವವರು ಯಾರು, ಎಲ್ಲಿಂದ ಎಂಬುದನ್ನು. ಮ್ಯಾಜಿಸ್ಟ್ರೇಟರ ಮುಂದೆ ಡಿಕ್ಲರೇಷನ್, ಅಂದರೆ ಈ ವಿವರಗಳ ಘೋಷಣೆ, ಕೊಟ್ಟರೆ ಮುಗಿಯಿತು. ಸರ್ಕಾರಕ್ಕೆ ಬೇಕಿದ್ದುದು ರಾಜದ್ರೋಹದ ಲೇಖನ ಬಂದರೆ ಯಾರನ್ನು ಹಿಡಿಯಬೇಕು ಎಂಬ ವಿಳಾಸ. ಅದೇ ಹೆಸರಿನ ಪತ್ರಿಕೆ ಮತ್ತೊಂದಿದೆಯೇ ಎಂದು ನೋಡುವ ಗೊಡವೆ ಅದಕ್ಕಿರಲಿಲ್ಲ.

1956ರಲ್ಲಿ ಎರಡು ಬದಲಾವಣೆ ಆದವು. ಜುಲೈ 1ರಂದು ದೆಹಲಿಯಲ್ಲಿ ಪತ್ರಿಕೆಗಳ ರಿಜಿಸ್ಟ್ರಾರ್ ಕಚೇರಿ, ಅಂದರೆ ಆರ್‌ಎನ್‌ಐ, ಶುರುವಾಯಿತು. ನವೆಂಬರ್ 1ರಂದು ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಬಂತು. ಹೆಸರಿನ ತಪಾಸಣೆ ಕಾನೂನಿಗೆ ಸೇರಿದ್ದು 1960ರ ತಿದ್ದುಪಡಿಯಲ್ಲಿ. ಅದರ ಸಾರ ಇಷ್ಟು: ಅದೇ ಭಾಷೆಯಲ್ಲಿ ದೇಶದ ಎಲ್ಲೇ ಆಗಲಿ, ಅಥವಾ ಅದೇ ರಾಜ್ಯದಲ್ಲಿ ಯಾವ ಭಾಷೆಯಲ್ಲೇ ಆಗಲಿ, ಅದೇ ಇಲ್ಲವೇ ಹೋಲುವ ಶೀರ್ಷಿಕೆ ಇದ್ದರೆ ಡಿಕ್ಲರೇಷನ್ ದೃಢೀಕರಿಸುವಂತಿರಲಿಲ್ಲ. ಕಣ್ತಪ್ಪಿ ದೃಢೀಕರಿಸಿದ್ದರೆ ರದ್ದು ಮಾಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿತ್ತು, ಅದರ ಮೇಲೆ ಅಪೀಲು ಮಂಡಳಿಗೆ.

ಈ ನಿಯಮದ ಸಂದನ್ನು ಕಾರವಾರದವರು ಬೇಗ ಗುರುತಿಸಬಲ್ಲರು. ಮಾಜಾಳಿ ದಾಟಿದರೆ ಗೋವಾ. ಅಲ್ಲಿ ಮರಾಠಿಯಲ್ಲೋ ಕೊಂಕಣಿಯಲ್ಲೋ ಬರುವ ಪತ್ರಿಕೆಯ ಹೆಸರೂ ಇಲ್ಲಿನ ಕನ್ನಡ ಪತ್ರಿಕೆಯ ಹೆಸರೂ ಒಂದೇ ಆಗಿದ್ದರೆ ನಿಯಮಕ್ಕೆ ಅಡ್ಡಿಯಿಲ್ಲ, ಭಾಷೆ ಬೇರೆ, ರಾಜ್ಯವೂ ಬೇರೆ. ಆದರೆ ಓದುಗರು ಅವರೇ, ಜಾಹೀರಾತು ಕೊಡುವ ಅಂಗಡಿಗಳೂ ಅವೇ. ಇನ್ನೊಂದು ಸಂದು, ನಿಂತುಹೋದ ಪತ್ರಿಕೆಗಳದ್ದು. ಹಳೆಯ ಕಾಯ್ದೆಯಲ್ಲಿ ಪ್ರಕಟಣೆ ಹನ್ನೆರಡು ತಿಂಗಳಿಗಿಂತ ಹೆಚ್ಚು ನಿಂತರೆ ಡಿಕ್ಲರೇಷನ್ ತಾನಾಗಿ ಬಿದ್ದುಹೋಗುತ್ತಿತ್ತು. ಸಂಪಾದಕರಿಗೆ ಕಾಯಿಲೆಯೋ ಕೈಸಾಲವೋ ಆಗಿ ಒಂದು ವರ್ಷ ಪತ್ರಿಕೆ ನಿಂತರೆ, ಇಪ್ಪತ್ತು ವರ್ಷ ದುಡಿದು ಕಟ್ಟಿದ ಹೆಸರು ಬೇರೆಯವರ ಅರ್ಜಿಗೆ ಸಿಕ್ಕಿಬಿಡಬಹುದಿತ್ತು.

ಆಮೇಲೆ ಬಂದ ಮಾಧ್ಯಮಗಳಿಗೆ ಇಷ್ಟು ಬಾಗಿಲೂ ಇರಲಿಲ್ಲ. 1995ರ ಕೇಬಲ್ ಟಿವಿ ಕಾಯ್ದೆಯಡಿ ಕೇಬಲ್ ಆಪರೇಟರು ಪ್ರಧಾನ ಅಂಚೆ ಕಚೇರಿಯಲ್ಲಿ ನೋಂದಾಯಿಸಿಕೊಳ್ಳುತ್ತಿದ್ದರು. ಅವರು ನಡೆಸುವ ಸ್ಥಳೀಯ ಸುದ್ದಿ ಚಾನೆಲ್‌ನ ಹೆಸರನ್ನು ಅಂಚೆಯವರು ಪರಿಶೀಲಿಸುತ್ತಿರಲಿಲ್ಲ. ಯೂಟ್ಯೂಬ್, ಫೇಸ್‌ಬುಕ್ ಸುದ್ದಿಗೆ 2021ರ ಐಟಿ ನಿಯಮಗಳು ಬಂದವು, ಅವೂ ವಿವರ ಕೇಳುತ್ತವೆಯೇ ಹೊರತು ಹೆಸರು ಸೋಸುವುದಿಲ್ಲ. 1867ರ ಕಾಯ್ದೆಯ ಜಾಗಕ್ಕೆ ಬಂದ 2023ರ ಪತ್ರಿಕಾ ಮತ್ತು ನಿಯತಕಾಲಿಕೆಗಳ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಆರ್‌ಎನ್‌ಐ ಈಗ ಪಿಆರ್‌ಜಿಐ (ಪ್ರೆಸ್ ರಿಜಿಸ್ಟ್ರಾರ್ ಜನರಲ್ ಕಚೇರಿ), ಶೀರ್ಷಿಕೆ ಮತ್ತು ನೋಂದಣಿಗೆ ‘ಪ್ರೆಸ್ ಸೇವಾ’ ಪೋರ್ಟಲ್‌ನಲ್ಲಿ ಒಂದೇ ಅರ್ಜಿ. ಆದರೆ ಅದರ ವ್ಯಾಪ್ತಿ ಮುದ್ರಿತ ನಿಯತಕಾಲಿಕೆಗಳಿಗಷ್ಟೇ. ಹೀಗಾಗಿ ಪತ್ರಿಕೆ, ಕೇಬಲ್, ಯೂಟ್ಯೂಬ್ ಮೂರಕ್ಕೂ ಅನ್ವಯಿಸುವ ಕಾನೂನು ಉಳಿದಿರುವುದು ಟ್ರೇಡ್‌ಮಾರ್ಕ್ ಒಂದೇ.

ಅದಕ್ಕೂ ಒಂದು ಚರಿತ್ರೆಯಿದೆ. 1940ರ, ಬಳಿಕ 1958ರ ಕಾಯ್ದೆಗಳಲ್ಲಿ ಸರಕಿನ ಗುರುತನ್ನು ಮಾತ್ರ ನೋಂದಾಯಿಸಬಹುದಿತ್ತು. ಪತ್ರಿಕೆ ಮುದ್ರಿತ ಸರಕು, ಆದ್ದರಿಂದ ನಡೆಯುತ್ತಿತ್ತು. ಟಿವಿ ಪ್ರಸಾರ ಸೇವೆ, ಅದಕ್ಕೆ ದಾರಿಯಿರಲಿಲ್ಲ. 1994ರಲ್ಲಿ ಉದಯ ಟಿವಿ, 2000ದಲ್ಲಿ ಈಟಿವಿ ಕನ್ನಡ ಬಂದಾಗ ಚಾನೆಲ್‌ನ ಹೆಸರನ್ನು ಸೇವೆಯ ಗುರುತಾಗಿ ನೋಂದಾಯಿಸುವ ಅವಕಾಶವೇ ದೇಶದಲ್ಲಿ ಇರಲಿಲ್ಲ. 1999ರ ಕಾಯ್ದೆ 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದ ಮೇಲೆ ಅದು ಸಾಧ್ಯವಾಯಿತು.

ಕನ್ನಡದವರು ಗಮನವಿಟ್ಟು ಓದಬೇಕಾದ ತೀರ್ಪು 2011ರ ಮಾರ್ಚ್ 3ರಂದು ಸುಪ್ರೀಂ ಕೋರ್ಟ್ ಕೊಟ್ಟ ‘ಈನಾಡು’ ತೀರ್ಪು. ಬೆಂಗಳೂರಿನ ಅಗರಬತ್ತಿ ತಯಾರಕರೊಬ್ಬರು ‘ಆಶಿಕಾಸ್ ಈನಾಡು’ ಎಂಬ ಹೆಸರಿಟ್ಟು ಆಂಧ್ರದಲ್ಲೂ ಮಾರಿದರು. ತೆಲುಗು ದೈನಿಕ ‘ಈನಾಡು’ವಿನ ಮಾಲೀಕರು ಕೋರ್ಟಿಗೆ ಹೋದರು. ಕನ್ನಡದಲ್ಲಿ ‘ಈ ನಾಡು’ ಎಂದರೆ ಈ ಸೀಮೆ, ತೆಲುಗಿನಲ್ಲಿ ಇಂದು, ಈ ದಿನ. ಎರಡೂ ದಿನಬಳಕೆಯ ಮಾತು, ಯಾರಪ್ಪನ ಆಸ್ತಿಯೂ ಅಲ್ಲ. ವ್ಯಾಪಾರ ನೋಡಿದರೆ ಒಂದು ಊದುಬತ್ತಿ, ಇನ್ನೊಂದು ಪತ್ರಿಕೆ. ಆದರೂ ಅಗರಬತ್ತಿಯವರು ಸೋತರು. ಆಂಧ್ರದಲ್ಲಿ ಆ ಪದ ಕೇಳಿದೊಡನೆ ಜನರಿಗೆ ನೆನಪಾಗುವುದು ಪತ್ರಿಕೆಯೇ, ಆ ಕೀರ್ತಿಯ ಬೆನ್ನೇರಿ ಮಾರಲು ಬಿಡಲಾಗದು ಎಂಬುದು ಕೋರ್ಟಿನ ನಿಲುವು. ಸಾಮಾನ್ಯ ಪದವೂ ದೀರ್ಘ ಬಳಕೆಯಿಂದ ಒಬ್ಬರ ಗುರುತಾಗಿ ಗಟ್ಟಿಯಾಗಬಲ್ಲದು. ಆದರೆ ಬಳಕೆ ಎಷ್ಟು ಆಳಕ್ಕೆ, ಯಾವ ಸೀಮೆಯವರೆಗೆ ಇಳಿದಿದೆ ಎಂಬುದನ್ನು ಸಾಬೀತು ಮಾಡಬೇಕು.

2002ರಲ್ಲಿ ದೆಹಲಿ ಹೈಕೋರ್ಟ್ ‘ಆಜ್ ತಕ್’ ಬಗ್ಗೆಯೂ ಇಂಥದೇ ಮಾತು ಹೇಳಿತು: ಬಿಡಿಬಿಡಿಯಾಗಿ ಎರಡೂ ಸಾದಾ ಪದಗಳು, ಜೋಡಿಯಾದಾಗ ಅದು ಗುರುತು. 2020ರ ಅಕ್ಟೋಬರ್‌ನಲ್ಲಿ ಅದೇ ಹೈಕೋರ್ಟ್ ಟೈಮ್ಸ್ ಸಮೂಹ ಹಾಗೂ ರಿಪಬ್ಲಿಕ್ ನಡುವಿನ ವ್ಯಾಜ್ಯದಲ್ಲಿ ‘ನ್ಯೂಸ್ ಅವರ್’ ಹೆಸರು ಬಳಸದಂತೆ ರಿಪಬ್ಲಿಕ್ ಕಡೆಯವರನ್ನು ತಡೆಯಿತು. ‘ನೇಷನ್ ವಾಂಟ್ಸ್ ಟು ನೋ’ ಎಂಬ ಮಾತನ್ನು ನಿರೂಪಣೆಯಲ್ಲಿ ಆಡಲು ಬಿಟ್ಟು, ಟ್ರೇಡ್‌ಮಾರ್ಕ್‌ನಂತೆ ಬಳಸಿದರೆ ಲೆಕ್ಕ ಇಡಬೇಕೆಂದಿತು. ಮಾತಾಗಿ ಆಡುವುದು ಬೇರೆ, ಹೆಸರಾಗಿ ನೇತುಹಾಕುವುದು ಬೇರೆ.

ವ್ಯಾಪಾರ ಕೈ ಬದಲಾದರೂ ಮನೆ ಪಾಲಾದರೂ ಹೆಸರಿನ ಲೆಕ್ಕ ಬೇರೆಯಾಗಿಯೇ ಉಳಿಯುತ್ತದೆ. ಈಟಿವಿ ಕನ್ನಡದ ಒಡೆತನ ಹೊಸಬರಿಗೆ ಹೋದ ಮೇಲೆ 2015ರಲ್ಲಿ ಅದು ಕಲರ್ಸ್ ಕನ್ನಡ ಆಯಿತು. 2005ರಲ್ಲಿ ‘ಲಂಕೇಶ್ ಪತ್ರಿಕೆ’ಯ ಮನೆಯೊಳಗೆ ಭಿನ್ನಾಭಿಪ್ರಾಯ ಬಂದಾಗ ಗೌರಿ ಲಂಕೇಶ್ ತಮ್ಮ ಪೂರ್ತಿ ಹೆಸರನ್ನೇ ಇಟ್ಟು ಬೇರೆ ವಾರಪತ್ರಿಕೆ ಹೊರಡಿಸಿದರು.

ಈಗ ನಮ್ಮ ಕರಾವಳಿಗೆ ಬರೋಣ. ‘ಕರಾವಳಿ’, ‘ಕಡಲು’, ‘ಮಲೆನಾಡು’, ‘ಕದಂಬ’, ‘ಬನವಾಸಿ’, ‘ಶರಾವತಿ’, ‘ಅಘನಾಶಿನಿ’ ಒಂದು ಕಡೆ. ‘ವಾಣಿ’, ‘ಧ್ವನಿ’, ‘ಪ್ರಭ’, ‘ವಾರ್ತೆ’, ‘ಮಿತ್ರ’ ಇನ್ನೊಂದು ಕಡೆ. ಈ ಹತ್ತು ಹನ್ನೆರಡು ಪದಗಳನ್ನೇ ಎಲ್ಲರೂ ಜೋಡಿಸುತ್ತ ಬಂದಿದ್ದಾರೆ. ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಮಿನಂತೆ, ಸ್ಥಳವನ್ನೋ ಸರಕಿನ ಗುಣವನ್ನೋ ಹೇಳುವ ಪದವನ್ನು ಸುಮ್ಮನೆ ನೋಂದಾಯಿಸಲಾಗದು. ಮಂಗಳೂರಿನ ‘ಕರಾವಳಿ ಅಲೆ’, ಕಾರವಾರದ ‘ಕರಾವಳಿ ಮುಂಜಾವು’ ಎರಡರಲ್ಲೂ ‘ಕರಾವಳಿ’ ಇದೆ. ಗುರುತು ನಿಂತಿರುವುದು ‘ಅಲೆ’, ‘ಮುಂಜಾವು’ ಎಂಬ ಎರಡನೇ ಪದದಲ್ಲಿ. ಹೊಸದಾಗಿ ಹೆಸರಿಡುವವರಿಗೆ ಹೇಳಲೇಬೇಕಾದದ್ದು ಇದು: ಸೀಮೆಯ ಪದ ಇಟ್ಟುಕೊಳ್ಳಿ, ಬೇಡವೆನ್ನುವವರಿಲ್ಲ, ಆದರೆ ಅದರ ಜೊತೆಗಿನ ಪದ ಸುದ್ದಿಯ ಅರ್ಥದ್ದಾಗಿರದೆ ನಿಮ್ಮದೇ ಆಗಿರಲಿ.

ಹೋಲಿಕೆಯನ್ನು ಕೋರ್ಟು ಅಳೆಯುವ ರೀತಿಯನ್ನು ಬಸ್ ನಿಲ್ದಾಣದ ಪೇಪರ್ ಅಂಗಡಿಯಲ್ಲೇ ನೋಡಬಹುದು. ಕುಮಟಾ ಬಸ್ಸು ಹೊರಡುವ ಹೊತ್ತಿಗೆ ಓಡಿಬಂದವರು ಪೂರ್ತಿ ಹೆಸರು ಹೇಳುವುದಿಲ್ಲ. ‘ಒಂದು ಧ್ವನಿ ಕೊಡಿ’ ಎನ್ನುತ್ತಾರೆ, ಅದೂ ‘ದನಿ’ ಎಂದೇ ಕೇಳಿಸುತ್ತದೆ. ಕೈಗೆ ಬಂದದ್ದನ್ನು ಮಡಚಿ ಬಗಲಿಗೆ ಸೇರಿಸುತ್ತಾರೆ. 1962ರ ‘ಅಮೃತಧಾರಾ’ ತೀರ್ಪಿನಿಂದ ಇಂದಿನವರೆಗೆ ಅಳತೆಗೋಲು ಇದೇ. ಎರಡು ಹೆಸರನ್ನು ಪಕ್ಕಪಕ್ಕ ಇಟ್ಟು ಅಕ್ಷರ ಎಣಿಸುವುದಿಲ್ಲ. ಮಸುಕು ನೆನಪಿನ ಸಾಮಾನ್ಯ ಗ್ರಾಹಕ ಮೋಸಹೋಗುವನೇ ಎಂದು ನೋಡುತ್ತಾರೆ. ಅಕ್ಷರದ ವಿನ್ಯಾಸ ಬೇರೆ, ಬಣ್ಣ ಬೇರೆ ಎಂಬ ವಾದ ಕಿವಿಗೆ ಒಂದೇ ಕೇಳುವ ಹೆಸರಿನ ಮುಂದೆ ಹೆಚ್ಚು ನಿಲ್ಲುವುದಿಲ್ಲ.

ಹುಡುಕಾಟವೂ ಕಿವಿಯ ಲೆಕ್ಕದಲ್ಲೇ ಆಗಬೇಕು. ಪ್ರೆಸ್ ಸೇವಾದ ಶೀರ್ಷಿಕೆ ಪಟ್ಟಿ, ಟ್ರೇಡ್‌ಮಾರ್ಕ್ ಕಚೇರಿಯ ಸಾರ್ವಜನಿಕ ಹುಡುಕಾಟ, ಕಂಪನಿಗಳ ಹೆಸರಿನ ಪಟ್ಟಿ, ಯೂಟ್ಯೂಬ್ ಎಲ್ಲದರಲ್ಲೂ ನೋಡಿ. ‘ಕರಾವಳಿ’ಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ‘ವಿ’ ಹಾಕಿ ಬರೆದವರಿದ್ದಾರೆ, ‘ಡಬ್ಲ್ಯು’ ಹಾಕಿ ಬರೆದವರಿದ್ದಾರೆ. ಒಂದನ್ನು ಹುಡುಕಿ ಬಿಟ್ಟರೆ ಇನ್ನೊಂದು ತಪ್ಪಿಹೋಗುತ್ತದೆ.

ಕರ್ನಾಟಕದವರ ಅರ್ಜಿ ಹೋಗುವುದು ಚೆನ್ನೈ ಟ್ರೇಡ್‌ಮಾರ್ಕ್ ಕಚೇರಿಗೆ, ಆನ್‌ಲೈನ್‌ನಲ್ಲಿ ಟಿಎಂ-ಎ ನಮೂನೆಯಲ್ಲಿ. ಅಲ್ಲಿ ಸರಕು, ಸೇವೆಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ: ಮುದ್ರಿತ ಪತ್ರಿಕೆಗೆ 16ನೇ ವರ್ಗ, ಪ್ರಸಾರಕ್ಕೆ 38, ಪ್ರಕಾಶನ ಮತ್ತು ಮನರಂಜನೆಗೆ 41. ವ್ಯಕ್ತಿಗಳಿಗೂ ಉದ್ಯಮ್ ಪ್ರಮಾಣಪತ್ರವಿರುವ ಸಣ್ಣ ಸಂಸ್ಥೆಗಳಿಗೂ ವರ್ಗವೊಂದಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಪತ್ರಿಕೆಯ ಜೊತೆ ಯೂಟ್ಯೂಬ್ ಚಾನೆಲ್ ಇದ್ದು 16ನೇ ವರ್ಗ ಒಂದನ್ನೇ ಮಾಡಿಸಿದರೆ, ತಕರಾರು ಬರುವ ಕಡೆಯೇ ಬಾಗಿಲು ತೆರೆದಿಟ್ಟಂತೆ. ಕನ್ನಡ ಲಿಪಿಯ ಹೆಸರಿಗೆ ಲಿಪ್ಯಂತರ, ಅರ್ಥ ಎರಡನ್ನೂ ಕೊಡಬೇಕು. ಲೋಗೊ ಒಂದನ್ನೇ ನೋಂದಾಯಿಸಿದರೆ ರಕ್ಷಣೆ ಲೋಗೊದ ಒಟ್ಟು ರೂಪಕ್ಕೆ, ಒಳಗಿನ ಪದ ಬಿಡಿಯಾಗಿ ನಿಮ್ಮದಾಗದು.

ಎಡವುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ‘ಯಾವಾಗಿನಿಂದ ಬಳಕೆ’ ಎಂಬ ಕಾಲಂ. ಹದಿನೈದು ವರ್ಷದಿಂದ ಪತ್ರಿಕೆ ಬರುತ್ತಿದ್ದರೂ ‘ಮುಂದೆ ಬಳಸಲಿದ್ದೇವೆ’ ಎಂಬುದಕ್ಕೆ ಗುರುತು ಹಾಕಿ ಕಳಿಸುವವರಿದ್ದಾರೆ, ಅದಾದರೆ ಪುರಾವೆಯ ಅಫಿಡವಿಟ್ ಬೇಡ ಎಂಬ ಕಾರಣಕ್ಕೆ. ವ್ಯಾಜ್ಯ ಬಂದಾಗ ಎದುರಾಳಿ ವಕೀಲರು ಮೊದಲು ತೋರಿಸುವುದು ಅದೇ ಸಾಲನ್ನು. ಎರಡನೆಯದು ಮಾಲೀಕರ ಹೆಸರು. ಪತ್ರಿಕೆಯ ಕೊನೆಯ ಪುಟದ ಅಡಿಯಲ್ಲಿ ಮುದ್ರಕ, ಪ್ರಕಾಶಕ, ಮಾಲೀಕ ಎಂದು ತಂದೆಯ ಹೆಸರು, ಟ್ರೇಡ್‌ಮಾರ್ಕ್ ಅರ್ಜಿಯಲ್ಲಿ ಮಗನದು, ಯೂಟ್ಯೂಬ್ ಖಾತೆ ಹಳೆಯ ವರದಿಗಾರನ ಜಿಮೇಲ್‌ನಲ್ಲಿ. ಈ ಮೂರೂ ಒಂದೇ ಕೈಯಲ್ಲಿರಬೇಕು. ಇಲ್ಲವೇ ಅವುಗಳ ನಡುವೆ ಬರಹದ ಒಪ್ಪಂದ ಇರಬೇಕು.

ಅರ್ಜಿ ನೋಡಿ ಕಚೇರಿ ಕೊಡುವ ಪರೀಕ್ಷಾ ವರದಿಯಲ್ಲಿ ಆಕ್ಷೇಪ ಬಂದರೆ ಉತ್ತರಕ್ಕೆ 30 ದಿನ. ಟ್ರೇಡ್‌ಮಾರ್ಕ್ ಕಚೇರಿಯ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಬೇರೆಯವರು ವಿರೋಧಿಸಲು ನಾಲ್ಕು ತಿಂಗಳು, ಆನ್‌ಲೈನ್ ಶುಲ್ಕ ವರ್ಗಕ್ಕೆ 2,700 ರೂಪಾಯಿ. ವಿರೋಧ ಬಂದರೆ ಪ್ರತಿಹೇಳಿಕೆಗೆ ಎರಡು ತಿಂಗಳು, ತಪ್ಪಿದರೆ ಅರ್ಜಿಯನ್ನು ಕೈಬಿಟ್ಟಂತೆ. ನೋಂದಣಿ ಹತ್ತು ವರ್ಷಕ್ಕೆ, ಆಮೇಲೆ ನವೀಕರಣ.

ನೋಂದಣಿ ಇಲ್ಲದವರಿಗೂ ದಾರಿಯಿದೆ, ಅದನ್ನು ‘ಪಾಸಿಂಗ್ ಆಫ್’ ದಾವೆ ಎನ್ನುತ್ತಾರೆ, ಅಂದರೆ ತನ್ನದನ್ನು ಇನ್ನೊಬ್ಬರದೆಂದು ನಂಬಿಸಿ ದಾಟಿಸುವವರ ಮೇಲಿನ ದಾವೆ. ಮೊದಲು ಬಳಸಿದವರ ಹಕ್ಕು ಆಮೇಲೆ ನೋಂದಾಯಿಸಿದವರ ಹಕ್ಕಿಗಿಂತ ದೊಡ್ಡದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಮತ್ತೆ ಸ್ಪಷ್ಟಪಡಿಸಿದೆ. ಆಗ ಗೆಲ್ಲಿಸುವುದು ತಾರೀಖಿರುವ ಕಾಗದ: ಮೊದಲ ಸಂಚಿಕೆ, ವರ್ಷಕ್ಕೆ ಕೆಲವಾದರೂ ಸಂಚಿಕೆಗಳು, ಏಜೆಂಟರ ಬಿಲ್ಲು, ಪ್ರೆಸ್ಸಿನ ರಸೀದಿ, ವಾರ್ತಾ ಇಲಾಖೆಯ ಜಾಹೀರಾತು ಆದೇಶ, ಅಂಚೆ ನೋಂದಣಿ, ಫೆಬ್ರವರಿ ಕಳೆದ ಮೊದಲ ಸಂಚಿಕೆಯಲ್ಲಿ ಹಾಕುತ್ತ ಬಂದ ಫಾರಂ 4, ಅಂದರೆ ಮಾಲೀಕತ್ವದ ವಿವರದ ಹೇಳಿಕೆ. ನಮ್ಮ ಕಡೆಯ ಮಳೆಗಾಲದಲ್ಲಿ ನೆಲದ ಮೇಲಿಟ್ಟ ಕಟ್ಟು ಒಂದೇ ಆಷಾಢಕ್ಕೆ ಬೂಸ್ಟು ಹಿಡಿದು ಹಾಳೆ ಹಾಳೆ ಅಂಟಿಕೊಳ್ಳುತ್ತದೆ. ಗೋಡೆಗೆ ತಾಗದಂತೆ ಅಟ್ಟಣಿಗೆಯ ಮೇಲಿಡಿ, ಬೇಸಿಗೆಯಲ್ಲೇ ಸ್ಕ್ಯಾನ್ ಮಾಡಿಸಿ.

ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹೂಡುವಂತಿಲ್ಲ. ನೋಂದಾಯಿತ ಗುರುತಿನ ಮಾಲೀಕರು ತಮ್ಮ ವ್ಯವಹಾರ ಇರುವ ಜಿಲ್ಲೆಯಲ್ಲೇ ಹೂಡಬಹುದು, ಎದುರಾಳಿ ಬೆಂಗಳೂರಿನಲ್ಲಿದ್ದರೂ ಸರಿ. ನಮ್ಮ ಜಿಲ್ಲೆಗೆ ಹೈಕೋರ್ಟ್ ಎಂದರೆ ಧಾರವಾಡ ಪೀಠ. ನೋಟಿಸು ಬಂದವರು ಮಾಡಬೇಕಾದ ಮೊದಲ ಕೆಲಸ ಕೋರ್ಟಿನಲ್ಲಿ ಕೇವಿಯಟ್, ಅಂದರೆ ಮುನ್ನೆಚ್ಚರಿಕೆಯ ಅರ್ಜಿ, ಹಾಕುವುದು. ಅದು 90 ದಿನ ನಡೆಯುತ್ತದೆ, ನಿಮ್ಮ ಮಾತು ಕೇಳದೆ ತಡೆಯಾಜ್ಞೆ ಆಗುವುದನ್ನು ತಪ್ಪಿಸುತ್ತದೆ. ನೋಟಿಸು ಕೊಡಬೇಕಾದವರು ತಡಮಾಡಬಾರದು. ಇನ್ನೊಬ್ಬರು ಹೋಲುವ ಹೆಸರನ್ನು ನೋಂದಾಯಿಸಿ ಬಳಸುತ್ತಿರುವುದು ಗೊತ್ತಿದ್ದೂ ಐದು ವರ್ಷ ಸುಮ್ಮನಿದ್ದರೆ, ಅವರ ನೋಂದಣಿಯಲ್ಲಿ ದುರುದ್ದೇಶವಿತ್ತೆಂದು ತೋರಿಸದ ಹೊರತು, ಪ್ರಶ್ನಿಸುವ ಹಕ್ಕೇ ಹೋಗುತ್ತದೆ. ಯೂಟ್ಯೂಬ್‌ಗೆ ದೂರು ಕೊಡುವ ನಮೂನೆ ಕೇಳುವುದೂ ನೋಂದಣಿ ಸಂಖ್ಯೆಯನ್ನೇ.

ಸಣ್ಣ ಊರುಗಳಲ್ಲಿ ಇಬ್ಬರೂ ಒಂದೇ ಪ್ರೆಸ್‌ಮೀಟ್‌ಗೆ ಹೋಗುವವರು, ಒಂದೇ ಪತ್ರಕರ್ತರ ಸಂಘದವರು. ಹಾಗಾಗಿ ರಾಜಿಯೇ ಒಳ್ಳೆಯದು, ಆದರೆ ಬಾಯಿಮಾತಿನ ರಾಜಿ ಬೇಡ. ಹೆಸರು ಬದಲಿಸುವ ತಾರೀಖು, ಮಾಸ್ಟ್‌ಹೆಡ್‌ನಲ್ಲಿ ಯಾವ ಪದ ಎಷ್ಟು ದೊಡ್ಡದಿರಬೇಕು, ಹಳೆಯ ವಿಡಿಯೊಗಳ ಮೇಲಿನ ಲೋಗೊ ಏನಾಗಬೇಕು, ಯೂಟ್ಯೂಬ್ ಹ್ಯಾಂಡಲ್ ಮತ್ತು ಡೊಮೈನ್ ಯಾರಿಗೆ, ಹಳೆಯ ಹೆಸರಿಗೆ ಬಂದ ಜಾಹೀರಾತಿನ ಹಣ ಎಷ್ಟು ತಿಂಗಳವರೆಗೆ ಯಾರು ಯಾರಿಗೆ ದಾಟಿಸಬೇಕು, ಇಷ್ಟನ್ನೂ ಛಾಪಾ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಬೇಕು. ದಾವೆ ಆಗಲೇ ಹೂಡಿದ್ದರೆ ಅದೇ ಪತ್ರವನ್ನು ಕೋರ್ಟಿಗೆ ಕೊಟ್ಟು ರಾಜಿ ಡಿಕ್ರಿ ಮಾಡಿಸಿಕೊಳ್ಳಬೇಕು.